ಪ್ರಶ್ನೆ ನಿಮ್ಮದು: ಲಿನಕ್ಸ್‌ನಲ್ಲಿ ಬುಕ್‌ಮಾರ್ಕು, ಹೆಡ್‌ಫೋನು

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಚೆನ್ನಾಗಿ ನಡೆಯುತ್ತಿರುವ ಹಳೇ ಕಂಪ್ಯೂಟರನ್ನು ಮೂಲೆಗೆ ಹಾಕಲು ಮನಸ್ಸಾಗದೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿಕೊಂಡ ದಾವಣಗೆರೆ, ಚಿತ್ರದುರ್ಗ ಕಡೆಯ ಓದುಗರ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಉತ್ತರಗಳು ಮಿಂಟ್ 22ರ ಸಿನಮನ್ ಡೆಸ್ಕ್‌ಟಾಪ್ ಮತ್ತು ಫೈರ್‌ಫಾಕ್ಸ್‌ಗೆ ಹೊಂದುವಂತಿವೆ. ಉಬುಂಟು ಎಂಬ ಇನ್ನೊಂದು ಬಗೆಯ ಲಿನಕ್ಸ್ ಇದ್ದವರಿಗೆ ಮೆನುಗಳ ಹೆಸರು, ಕೆಲವು ಫೋಲ್ಡರ್‌ಗಳ ಜಾಗ ಬೇರೆ ಇರಬಹುದು.

ದಾವಣಗೆರೆಯಲ್ಲಿ ಆನ್‌ಲೈನ್ ಅರ್ಜಿ ಹಾಕಿಕೊಡುವ ಅಂಗಡಿ ನಮ್ಮದು. ಪಹಣಿ, ಸೇವಾ ಸಿಂಧು, ಸ್ಕಾಲರ್‌ಶಿಪ್ ಅಂತ ವಿಂಡೋಸ್‌ನ ಕ್ರೋಮ್‌ನಲ್ಲಿ ನೂರಾರು ಬುಕ್‌ಮಾರ್ಕ್ ಇದ್ದವು. ಈಗ ಮಿಂಟ್‌ನ ಫೈರ್‌ಫಾಕ್ಸ್‌ಗೆ ತರುವುದು ಹೇಗೆ? ಹಳೇ ಹಾರ್ಡ್ ಡಿಸ್ಕ್ ಇಟ್ಟುಕೊಂಡಿದ್ದೇವೆ, ಆದರೆ ಅದರಿಂದ ವಿಂಡೋಸ್ ಏಳುತ್ತಿಲ್ಲ.

ಡಿಸ್ಕ್ ಓದಲು ಬರುತ್ತಿದ್ದರೆ ಸಾಕು, ವಿಂಡೋಸ್ ಏಳಬೇಕಾಗಿಲ್ಲ. ಕ್ರೋಮ್ ತನ್ನ ಬುಕ್‌ಮಾರ್ಕ್‌ಗಳನ್ನೆಲ್ಲ ಒಂದೇ ಫೈಲಿನಲ್ಲಿ ಇಡುತ್ತದೆ. ಅದರ ಹೆಸರೂ ಬುಕ್‌ಮಾರ್ಕ್ಸ್ ಎಂದೇ, ಮುಂದೆ ಚುಕ್ಕೆ, ಎಕ್ಸ್‌ಟೆನ್ಷನ್ ಏನೂ ಇರುವುದಿಲ್ಲ. ಹಳೇ ಡಿಸ್ಕನ್ನು ಯುಎಸ್‌ಬಿ ಕೇಸಿಗೆ ಹಾಕಿ ಮಿಂಟ್‌ಗೆ ಜೋಡಿಸಿ. ಯೂಸರ್ಸ್, ನಿಮ್ಮ ಹೆಸರಿನ ಫೋಲ್ಡರ್, ಆಪ್‌ಡೇಟಾ, ಲೋಕಲ್, ಗೂಗಲ್, ಕ್ರೋಮ್, ಯೂಸರ್ ಡೇಟಾ, ಡಿಫಾಲ್ಟ್ ಎಂದು ಒಂದೊಂದಾಗಿ ಒಳಗೆ ಹೋಗಿ. ಆಪ್‌ಡೇಟಾ ಕಾಣದಿದ್ದರೆ ಕಂಟ್ರೋಲ್ ಜೊತೆ ಎಚ್ ಒತ್ತಿ, ಅಡಗಿಸಿಟ್ಟ ಫೋಲ್ಡರ್‌ಗಳು ಕಾಣುತ್ತವೆ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಬಿದ್ದಿದ್ದರೆ ಮಾತ್ರ ಅದರ ರಿಕವರಿ ಕೀ ಬೇಕು.

ಈ ಫೈಲನ್ನು ನೇರವಾಗಿ ಫೈರ್‌ಫಾಕ್ಸ್‌ಗೆ ಕೊಡಲು ಹೋಗಬೇಡಿ. ಇದರಲ್ಲೂ ಫೈರ್‌ಫಾಕ್ಸ್‌ನ ಬ್ಯಾಕಪ್ ಫೈಲಿನಲ್ಲೂ ಜೇಸನ್ ಎಂಬ ಮಾದರಿಯ ಬರಹವೇ ಇದ್ದರೂ ಜೋಡಣೆ ಬೇರೆ, ಫೈರ್‌ಫಾಕ್ಸ್ ಅದನ್ನು ಒಪ್ಪುವುದಿಲ್ಲ. ನಡುವೆ ಕ್ರೋಮ್‌ಗೆ ಮೂಲವಾದ ಕ್ರೋಮಿಯಂ ಬ್ರೌಸರ್ ಇಟ್ಟುಕೊಂಡರೆ ಕೆಲಸ ಸಲೀಸು. ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಕ್ರೋಮಿಯಂ ಹಾಕಿಕೊಂಡು, ಒಮ್ಮೆ ತೆರೆದು, ಪೂರ್ತಿ ಮುಚ್ಚಿ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಮತ್ತೆ ಕಂಟ್ರೋಲ್ ಎಚ್ ಒತ್ತಿ, ಚುಕ್ಕೆಯಿಂದ ಶುರುವಾಗುವ ಕಾನ್ಫಿಗ್ ಫೋಲ್ಡರ್, ಅದರೊಳಗೆ ಕ್ರೋಮಿಯಂ, ಅದರೊಳಗೆ ಡಿಫಾಲ್ಟ್‌ಗೆ ಹೋಗಿ ಹಳೇ ಫೈಲನ್ನು ಅಲ್ಲಿಗೆ ಪೇಸ್ಟ್ ಮಾಡಿ. ಕ್ರೋಮಿಯಂ ತೆರೆದೇ ಇದ್ದಾಗ ಹೀಗೆ ಮಾಡಿದರೆ ಅದು ಮುಚ್ಚುವಾಗ ನೀವು ಹಾಕಿದ್ದರ ಮೇಲೆ ತನ್ನದನ್ನೇ ಬರೆದುಬಿಡಬಹುದು. ಪೇಸ್ಟ್ ಆದ ಮೇಲೆ ಕ್ರೋಮಿಯಂ ತೆರೆದು ಕಂಟ್ರೋಲ್, ಶಿಫ್ಟ್, ಓ ಒತ್ತಿದರೆ ಬುಕ್‌ಮಾರ್ಕ್ ಮ್ಯಾನೇಜರ್ ಬರುತ್ತದೆ. ಮೂಲೆಯ ಮೂರು ಚುಕ್ಕೆಯಲ್ಲಿ ಎಕ್ಸ್‌ಪೋರ್ಟ್ ಬುಕ್‌ಮಾರ್ಕ್ಸ್ ಆರಿಸಿ. ಎಚ್‌ಟಿಎಂಎಲ್ ಫೈಲೊಂದು ಸಿಗುತ್ತದೆ.

ಫೈರ್‌ಫಾಕ್ಸ್‌ನಲ್ಲೂ ಅದೇ ಕಂಟ್ರೋಲ್, ಶಿಫ್ಟ್, ಓ. ಇಂಪೋರ್ಟ್ ಆಂಡ್ ಬ್ಯಾಕಪ್ ಮೆನುವಿನಲ್ಲಿ ಇಂಪೋರ್ಟ್ ಬುಕ್‌ಮಾರ್ಕ್ಸ್ ಫ್ರಮ್ ಎಚ್‌ಟಿಎಂಎಲ್ ಒತ್ತಿ ಆ ಫೈಲ್ ತೋರಿಸಿ. ಬಂದವು ಸಾಮಾನ್ಯವಾಗಿ ಬುಕ್‌ಮಾರ್ಕ್ಸ್ ಮೆನು ಎಂಬ ಫೋಲ್ಡರ್ ಒಳಗೆ ಕೂರುತ್ತವೆ, ಮೇಲಿನ ಪಟ್ಟಿಯಲ್ಲಿ ಕಾಣಲಿಲ್ಲವೆಂದು ಗಾಬರಿ ಬೇಡ. ಬೇಕಾದವನ್ನು ಮಾತ್ರ ಬುಕ್‌ಮಾರ್ಕ್ಸ್ ಟೂಲ್‌ಬಾರ್‌ಗೆ ಎಳೆದು ಹಾಕಿ.

ಬಹಳ ಜನ ಎಡವುವುದು ಇದೇ ಮೆನುವಿನಲ್ಲಿ. ಎಚ್‌ಟಿಎಂಎಲ್ ಇಂಪೋರ್ಟ್ ಇದ್ದದ್ದರ ಜೊತೆಗೆ ಸೇರಿಸುತ್ತದೆ. ಎರಡು ಸಲ ಮಾಡಿದರೆ ಎಲ್ಲವೂ ಎರಡೆರಡಾಗುತ್ತವೆ. ಪಕ್ಕದಲ್ಲೇ ಇರುವ ರೀಸ್ಟೋರ್ ಹಾಗಲ್ಲ, ಈಗ ಇರುವುದನ್ನೆಲ್ಲ ತೆಗೆದು ಹಳೆಯದನ್ನು ಇಡುತ್ತದೆ. ಆದ್ದರಿಂದ ಏನನ್ನಾದರೂ ಮುಟ್ಟುವ ಮೊದಲು ಅಲ್ಲಿಯೇ ಬ್ಯಾಕಪ್ ಒತ್ತಿ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿಟ್ಟುಕೊಳ್ಳಿ. ಫೈರ್‌ಫಾಕ್ಸ್ ತಾನಾಗಿಯೂ ದಿನಾಂಕವಾರು 15 ಪ್ರತಿಗಳವರೆಗೆ ಇಟ್ಟುಕೊಂಡಿರುತ್ತದೆ, ರೀಸ್ಟೋರ್ ಮೇಲೆ ಮೌಸ್ ಇಟ್ಟರೆ ಆ ತಾರೀಕುಗಳು ಕಾಣುತ್ತವೆ. ಆದರೆ ಅವು ಇರುವುದು ಅದೇ ಡಿಸ್ಕಿನಲ್ಲಿ. ಡಿಸ್ಕ್ ಹೋದರೆ ಅವೂ ಹೋದವು.

ನಿಮ್ಮಂಥ ಅಂಗಡಿಗೆ ಇನ್ನೊಂದು ಮುಖ್ಯ ಮಾತಿದೆ. ಲಾಗಿನ್ ಆದ ಮೇಲಿನ ಪುಟವನ್ನು ಬುಕ್‌ಮಾರ್ಕ್ ಮಾಡಿದರೆ ಮಾರನೇ ದಿನ ಸೆಷನ್ ಎಕ್ಸ್‌ಪೈರ್ಡ್ ಎಂದು ಬರುತ್ತದೆ, ಸರ್ವರ್ ಡೌನ್ ಎಂದುಕೊಂಡು ಗಿರಾಕಿಯನ್ನು ವಾಪಸ್ ಕಳಿಸುತ್ತೀರಿ. ಆ ವಿಳಾಸಕ್ಕೆ ಅಂಟಿಕೊಂಡ ಸೆಷನ್ ಸಂಖ್ಯೆ ಅವತ್ತೇ ಸತ್ತಿರುತ್ತದೆ. ಬುಕ್‌ಮಾರ್ಕ್ ಮಾಡಬೇಕಾದ್ದು ಲಾಗಿನ್ ಪುಟವನ್ನು. ವಿಳಾಸ ಜಿಒವಿ ಡಾಟ್ ಇನ್ ಎಂದೋ ಎನ್‌ಐಸಿ ಡಾಟ್ ಇನ್ ಎಂದೋ ಮುಗಿಯುತ್ತದೆಯೇ ಎಂದು ಒಮ್ಮೆ ಕಣ್ಣಾರೆ ನೋಡಿ ಉಳಿಸಿಕೊಂಡರೆ, ಗೂಗಲ್‌ನಲ್ಲಿ ಹುಡುಕುವಾಗ ಎದುರಾಗುವ ನಕಲಿ ಸೈಟುಗಳ ಕಾಟದಿಂದಲೂ ಪಾರು. ನಿಮ್ಮ ಗಿರಾಕಿಯ ಆಧಾರ್ ನಂಬರ್ ಹೋಗುವ ಜಾಗ ಅದು, ಇಷ್ಟು ಎಚ್ಚರ ಇರಲೇಬೇಕು.

ಟೂಲ್‌ಬಾರ್‌ನಲ್ಲಿ ಜಾಗ ಸಾಲದಿದ್ದರೆ ಬಲ ಕ್ಲಿಕ್ ಮಾಡಿ ಎಡಿಟ್ ಬುಕ್‌ಮಾರ್ಕ್‌ನಲ್ಲಿ ಹೆಸರನ್ನು ‘ಪಹಣಿ’, ‘ಆದಾಯ’ ಎಂದು ಚಿಕ್ಕದು ಮಾಡಿ. ಅಲ್ಲೇ ಕೀವರ್ಡ್ ಎಂಬ ಖಾನೆ ಇದೆ. ಅದರಲ್ಲಿ ಎರಡು ಮೂರು ಅಕ್ಷರ ಕೊಟ್ಟರೆ, ವಿಳಾಸದ ಪಟ್ಟಿಯಲ್ಲಿ ಅಷ್ಟನ್ನೇ ಟೈಪಿಸಿ ಎಂಟರ್ ಒತ್ತಿದಾಗ ಪುಟ ತೆರೆಯುತ್ತದೆ. ಪಟ್ಟಿಯಲ್ಲಿ ಮೊದಲು ನಕ್ಷತ್ರ ಚಿಹ್ನೆ, ಒಂದು ಸ್ಪೇಸ್, ಆಮೇಲೆ ಪದ ಹೊಡೆದರೆ ಬುಕ್‌ಮಾರ್ಕ್‌ಗಳಲ್ಲಿ ಮಾತ್ರ ಹುಡುಕುತ್ತದೆ.

ಚಿತ್ರದುರ್ಗದಲ್ಲಿ ಡಿಪ್ಲೊಮಾ ಓದುತ್ತಿದ್ದೇನೆ. ಜೋಡಿಸಿದ ಡೆಸ್ಕ್‌ಟಾಪ್, ಎಚ್‌ಡಿಎಂಐ ಮಾನಿಟರ್. ಸಿಪಿಯು ಮುಂದಿನ ತೂತಿಗೆ ಹೆಡ್‌ಫೋನ್ ಹಾಕಿದರೆ ಸದ್ದೇ ಇಲ್ಲ. ಮಿಂಟ್ ಎರಡು ಸಲ ಹೊಸದಾಗಿ ಹಾಕಿದೆ. ಪ್ರಯೋಜನವಾಗಲಿಲ್ಲ.

ಮೂರನೇ ಸಲ ಹಾಕಬೇಡಿ. ಸದ್ದು ಬ್ರೌಸರ್‌ನಿಂದ ಹೊರಟು ಕಿವಿ ಮುಟ್ಟುವಷ್ಟರಲ್ಲಿ ನಾಲ್ಕು ಬಾಗಿಲು ದಾಟುತ್ತದೆ: ಯಾವ ಸಾಧನಕ್ಕೆ ಹೋಗಬೇಕು ಎಂಬ ಆಯ್ಕೆ, ಆ ಸಾಧನದ ಪೋರ್ಟು, ಸೌಂಡ್ ಕಾರ್ಡಿನ ಮಿಕ್ಸರ್, ಕೊನೆಗೆ ವೈರು. ಯಾವುದು ಮುಚ್ಚಿದೆ ಎಂದು ಸಾಲಾಗಿ ನೋಡುತ್ತ ಬರಬೇಕು.

ಮೊದಲು ಪ್ಯಾನೆಲ್‌ನ ಸ್ಪೀಕರ್ ಗುರುತಿನಿಂದ ಸೌಂಡ್ ಸೆಟ್ಟಿಂಗ್ಸ್, ಔಟ್‌ಪುಟ್. ಮಾನಿಟರ್ ಎಚ್‌ಡಿಎಂಐನಲ್ಲಿದ್ದರೆ ಸದ್ದು ಹಲವು ಸಲ ಆ ಕಡೆಗೇ ಹರಿಯುತ್ತಿರುತ್ತದೆ, ಸ್ಪೀಕರ್ ಇಲ್ಲದ ಮಾನಿಟರ್ ಅದನ್ನು ನುಂಗಿ ಸುಮ್ಮನಿರುತ್ತದೆ. ಬಿಲ್ಟ್-ಇನ್ ಆಡಿಯೊ ಎಂದಿರುವ ಹೆಡ್‌ಫೋನ್ಸ್ ಆರಿಸಿ ಟೆಸ್ಟ್ ಸೌಂಡ್ ಒತ್ತಿ.

ಆ ಸಾಲೇ ಕಾಣದಿದ್ದರೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಪಲ್ಸ್ ಆಡಿಯೊ ವಾಲ್ಯೂಮ್ ಕಂಟ್ರೋಲ್ ಹಾಕಿಕೊಳ್ಳಿ. ಮಿಂಟ್ 22ರಿಂದ ಒಳಗೆ ಸದ್ದನ್ನು ನಿಭಾಯಿಸುವುದು ಪೈಪ್‌ವೈರ್ ಎಂಬ ಬೇರೆ ತಂತ್ರಾಂಶ, ಆದರೂ ಈ ಸಾಧನ ಅದರ ಜೊತೆ ಚೆನ್ನಾಗಿಯೇ ನಡೆಯುತ್ತದೆ. ಕಾನ್ಫಿಗರೇಷನ್ ಟ್ಯಾಬಿನಲ್ಲಿ ಬಿಲ್ಟ್-ಇನ್ ಆಡಿಯೊಗೆ ಅನಲಾಗ್ ಸ್ಟೀರಿಯೊ ಡ್ಯೂಪ್ಲೆಕ್ಸ್ ಇರಲಿ. ಅಲ್ಲಿ ಆಫ್ ಎಂದಿದ್ದರೆ ಬೇರೆಲ್ಲಿ ಏನು ತಿರುಗಿಸಿದರೂ ವ್ಯರ್ಥ. ಎಚ್‌ಡಿಎಂಐ ಸದ್ದು ನಿಮಗೆ ಎಂದೂ ಬೇಡವೆಂದಾದರೆ ಅದನ್ನು ಆಫ್ ಮಾಡಿ, ಮಾನಿಟರ್ ಆನ್ ಮಾಡಿದಾಗಲೆಲ್ಲ ಸದ್ದು ಅತ್ತ ಜಿಗಿಯುವುದು ನಿಲ್ಲುತ್ತದೆ. ಆಮೇಲೆ ಔಟ್‌ಪುಟ್ ಡಿವೈಸಸ್ ಟ್ಯಾಬಿನಲ್ಲಿ ಪೋರ್ಟ್ ನೋಡಿ. ಹೆಡ್‌ಫೋನ್ ಹಾಕಿದ್ದರೂ ಅದರ ಮುಂದೆ ಅನ್‌ಪ್ಲಗ್ಡ್ ಎಂದು ತೋರಿಸಿದರೆ ಅದನ್ನು ನೆನಪಿಟ್ಟುಕೊಳ್ಳಿ, ವೈರಿನ ಕಡೆ ಹೋದಾಗ ಬೇಕಾಗುತ್ತದೆ. ಅನ್‌ಪ್ಲಗ್ಡ್ ಎಂದಿದ್ದರೂ ಅದನ್ನೇ ಆರಿಸಿ ಒಮ್ಮೆ ಕೇಳಿ ನೋಡಿ.

ಇನ್ನೂ ಮೌನವೇ? ಆದೇಶ ಟೈಪಿಸುವ ಕಿಟಕಿಯಾದ ಟರ್ಮಿನಲ್ ತೆರೆದು ಇಂಗ್ಲಿಷ್ ಸಣ್ಣಕ್ಷರದಲ್ಲಿ ಆಲ್ಸಾಮಿಕ್ಸರ್ (alsamixer) ಎಂದು ಒಂದೇ ಪದವಾಗಿ ಟೈಪಿಸಿ ಎಂಟರ್ ಒತ್ತಿ. ತೆರೆದ ಕೂಡಲೇ ಒಂದೇ ಒಂದು ಕಂಬ ಕಂಡರೆ ಅದು ಪೈಪ್‌ವೈರ್‌ನದು, ನಿಜವಾದ ಕಾರ್ಡ್ ಅಲ್ಲ. ಎಫ್6 ಒತ್ತಿ ಎಚ್‌ಡಿಎ ಇಂಟೆಲ್ ಪಿಸಿಎಚ್ ಆರಿಸಿ. ಎಎಂಡಿ ಮಶೀನಾದರೆ ಎಚ್‌ಡಿ ಆಡಿಯೊ ಜೆನೆರಿಕ್ ಎಂದಿರುತ್ತದೆ. ಹೆಡ್‌ಫೋನ್ ಕಂಬದ ಬುಡದಲ್ಲಿ ಎರಡು ಎಂ ಅಕ್ಷರ ಇದ್ದರೆ ಅದು ಮ್ಯೂಟ್ ಆಗಿದೆ. ಬಾಣದ ಕೀಲಿಯಿಂದ ಅಲ್ಲಿಗೆ ಹೋಗಿ ಎಂ ಒತ್ತಿ, ಎಂಎಂ ಹೋಗಿ ಎರಡು ಸೊನ್ನೆಯಂತೆ ಕಾಣುವ ಗುರುತು ಬರಬೇಕು. ಮೇಲಿನ ಬಾಣದಿಂದ ಮಟ್ಟ ಏರಿಸಿ, ಎಸ್ಕೇಪ್ ಒತ್ತಿ ಹೊರಬನ್ನಿ.

ಈಗ ವೈರು. ಹೆಡ್‌ಫೋನನ್ನು ಹಿಂದಿನ ಹಸಿರು ತೂತಿಗೆ ಹಾಕಿ. ಅಲ್ಲಿ ಕೇಳಿಸಿದರೆ ಲಿನಕ್ಸ್ ಸರಿಯಿದೆ, ತಪ್ಪು ಹೆಚ್ಚಾಗಿ ಕ್ಯಾಬಿನೆಟ್ಟಿನ ಮುಂದಿನ ಕೇಬಲ್‌ನಲ್ಲಿದೆ. ಪವರ್ ಕೇಬಲ್ ಕಿತ್ತು ಪಕ್ಕದ ತಗಡು ತೆಗೆಯಿರಿ. ಮುಂಭಾಗದಿಂದ ಬರುವ ಆಡಿಯೊ ಕೇಬಲ್ಲು ಹಳೇ ಕ್ಯಾಬಿನೆಟ್‌ಗಳಲ್ಲಿ ಎರಡು ತಲೆಯದಾಗಿರುತ್ತದೆ, ಒಂದರ ಮೇಲೆ ಎಚ್‌ಡಿ ಆಡಿಯೊ, ಇನ್ನೊಂದರ ಮೇಲೆ ಎಸಿ97 ಎಂದು ಬರೆದಿರುತ್ತದೆ. ಎಸಿ97 ತಲೆ ಹಾಕಿದ್ದರೆ ಜ್ಯಾಕ್ ಸೇರಿದ್ದು ಮದರ್‌ಬೋರ್ಡಿಗೆ ತಿಳಿಯುವುದೇ ಇಲ್ಲ. ಅನ್‌ಪ್ಲಗ್ಡ್ ಎಂದು ತೋರಿಸುತ್ತಿದ್ದುದು ಇದೇ ಕಾರಣಕ್ಕೆ ಇರಬಹುದು. ಎಚ್‌ಡಿ ಆಡಿಯೊ ತಲೆಯನ್ನೇ ಹಾಕಿ. ಮದರ್‌ಬೋರ್ಡಿನಲ್ಲಿ ಅದರ ಜಾಗ ಸಾಮಾನ್ಯವಾಗಿ ಕೆಳಗಿನ ಎಡ ಮೂಲೆ, ಎಫ್ ಆಡಿಯೊ, ಎಎಎಫ್‌ಪಿ ಅಥವಾ ಜೆಎಯುಡಿ1 ಎಂದು ಅಚ್ಚಾಗಿರುತ್ತದೆ. ಅಲ್ಲಿ ಒಂಬತ್ತು ಪಿನ್ನಿವೆ. ಪಕ್ಕದಲ್ಲಿರುವ ಯುಎಸ್‌ಬಿ ಸಾಲಿಗೂ ಒಂಬತ್ತೇ, ಆದರೆ ಖಾಲಿ ಬಿಟ್ಟ ಜಾಗ ಬೇರೆ. ಯುಎಸ್‌ಬಿಯಲ್ಲಿ ತುದಿಯ ಪಿನ್ ಇರುವುದಿಲ್ಲ, ಆಡಿಯೊದಲ್ಲಿ ತುದಿಯಿಂದ ಒಂದು ಒಳಗಿನದು ಇರುವುದಿಲ್ಲ. ಕೂರುತ್ತಿಲ್ಲ ಎಂದರೆ ಒತ್ತಬೇಡಿ, ಜಾಗ ತಪ್ಪಿದೆ ಎಂದರ್ಥ.

ಒಂದೇ ಕಿವಿಗೆ ಕೇಳಿಸುವುದು, ಅಲ್ಲಾಡಿಸಿದರೆ ಬರುವುದು ಇದ್ದರೆ ಅದು ಜ್ಯಾಕಿನ ಧೂಳಿರಬಹುದು. ದುರ್ಗದ ಬೇಸಿಗೆಯಲ್ಲಿ ಕಿಟಕಿ ಪಕ್ಕ ಇಟ್ಟ ಸಿಪಿಯುಗೆ ಇದು ತಪ್ಪಿದ್ದಲ್ಲ. ಮಶೀನ್ ಆಫ್ ಮಾಡಿ ಪ್ಲಗ್ಗನ್ನು ಹತ್ತಾರು ಸಲ ಹಾಕಿ ತೆಗೆಯಿರಿ. ಪಿನ್ನು, ಸೂಜಿ ತೂರಿಸಬೇಡಿ, ಒಳಗಿನ ಸ್ಪ್ರಿಂಗ್ ಬಾಗಿದರೆ ಜ್ಯಾಕೇ ಹಾಳು.

ಮೊಬೈಲಿನ ಹೆಡ್‌ಸೆಟ್ ಡೆಸ್ಕ್‌ಟಾಪ್‌ಗೆ ಹಾಕಿದರೆ ಹಾಡು ಕೇಳುತ್ತದೆ, ಮೈಕ್ ಇಲ್ಲ. ಡ್ರೈವರ್ ಯಾವುದು? (ಹೊಳಲ್ಕೆರೆ)

ಡ್ರೈವರ್ ವಿಷಯವಲ್ಲ. ನಿಮ್ಮ ಪ್ಲಗ್ಗಿನ ಮೇಲೆ ಮೂರು ಕಪ್ಪು ಉಂಗುರ ಇರುತ್ತವೆ, ಅಂದರೆ ನಾಲ್ಕು ಸಂಪರ್ಕ. ಡೆಸ್ಕ್‌ಟಾಪಿನ ಹಸಿರು ತೂತಿನಲ್ಲಿ ಮೂರೇ. ಮೈಕಿನ ಸದ್ದಿಗೆ ಅಲ್ಲಿ ದಾರಿಯೇ ಇಲ್ಲ. ಒಂದು ಹೆಣ್ಣು ತುದಿ, ಎರಡು ಗಂಡು ತುದಿ ಇರುವ ಸ್ಪ್ಲಿಟರ್ ತಂದು, ಹಸಿರನ್ನು ಹಸಿರಿಗೆ, ಗುಲಾಬಿಯನ್ನು ಗುಲಾಬಿಗೆ ಹಾಕಿ. ಇದಕ್ಕೆ ಉಲ್ಟಾ ಇರುವ, ಎರಡು ಹೆಡ್‌ಫೋನ್ ಹಂಚಿಕೊಳ್ಳುವ ಸ್ಪ್ಲಿಟರ್ ಅಂಗಡಿಯವರು ಕೊಟ್ಟರೆ ಅದು ಕೆಲಸಕ್ಕೆ ಬಾರದು.

ಚಳ್ಳಕೆರೆಯಲ್ಲಿ ಶಿಕ್ಷಕಿ. ಲ್ಯಾಪ್‌ಟಾಪಿಗೆ ಬ್ಲೂಟೂತ್ ಹೆಡ್‌ಫೋನ್ ಜೋಡಿಸಿದ್ದೇನೆ. ಹಾಡು ಚೆನ್ನಾಗಿ ಕೇಳುತ್ತದೆ, ಆನ್‌ಲೈನ್ ಮೀಟಿಂಗ್ ಶುರುವಾದೊಡನೆ ಡಬ್ಬದೊಳಗಿಂದ ಮಾತಾಡಿದ ಹಾಗೆ ಆಗುತ್ತದೆ. ಕೆಟ್ಟಿದೆಯೇ?

ಕೆಟ್ಟಿಲ್ಲ ಮೇಡಂ, ವಾಪಸ್ ಕೊಡಲು ಹೋಗಬೇಡಿ. ಬ್ಲೂಟೂತ್‌ಗೆ ಎರಡು ಬಗೆಯ ನಡಿಗೆ ಇದೆ. ಹಾಡು ಕೇಳುವ ಎ2ಡಿಪಿ ನಡಿಗೆಯಲ್ಲಿ ಸದ್ದು ಒಳ್ಳೆಯದು, ಆದರೆ ಒಮ್ಮುಖ, ಮೈಕ್ ಇಲ್ಲ. ಮೈಕ್ ಬೇಕೆಂದ ಕೂಡಲೇ ಹೆಡ್‌ಫೋನ್ ಫೋನ್ ಕರೆಯ ನಡಿಗೆಗೆ ಇಳಿಯುತ್ತದೆ. ಅಲ್ಲಿ ಸದ್ದನ್ನು ಸೆಕೆಂಡಿಗೆ 8,000 ಸಲ, ಸ್ವಲ್ಪ ಉತ್ತಮವಾದ ಎಂಎಸ್‌ಬಿಸಿ ವಿಧಾನ ಇದ್ದರೆ 16,000 ಸಲ ಅಳೆಯುತ್ತಾರೆ. ಸಿಡಿಯಲ್ಲಿ ಅದು 44,100. ಡಬ್ಬದ ಸದ್ದು ಬರುವುದು ಹೀಗೆ.

ಪರಿಹಾರ ಸುಲಭ: ಕೇಳುವುದಕ್ಕೆ ಹೆಡ್‌ಫೋನ್, ಮಾತಾಡುವುದಕ್ಕೆ ಲ್ಯಾಪ್‌ಟಾಪಿನದೇ ಮೈಕ್. ಮೀಟಿಂಗ್ ಸೇರುವಾಗ ಫೈರ್‌ಫಾಕ್ಸ್ ಅನುಮತಿ ಕೇಳುವ ಪೆಟ್ಟಿಗೆಯಲ್ಲೇ ಮೈಕಿನ ಪಟ್ಟಿ ಇರುತ್ತದೆ, ಅಲ್ಲಿ ಬಿಲ್ಟ್-ಇನ್ ಆರಿಸಿ. ಸೌಂಡ್ ಸೆಟ್ಟಿಂಗ್ಸ್‌ನ ಇನ್‌ಪುಟ್‌ನಲ್ಲೂ ಅದನ್ನೇ ಇಡಿ. ಆಗಲೂ ಸದ್ದು ಸರಿಹೋಗದಿದ್ದರೆ ಮೇಲೆ ಹೇಳಿದ ವಾಲ್ಯೂಮ್ ಕಂಟ್ರೋಲ್‌ನ ಕಾನ್ಫಿಗರೇಷನ್‌ನಲ್ಲಿ ಹೈ ಫಿಡೆಲಿಟಿ ಪ್ಲೇಬ್ಯಾಕ್ ಆರಿಸಿ. ಮೀಟಿಂಗ್ ಮುಗಿದ ಮೇಲೂ ಡಬ್ಬದ ಸದ್ದೇ ಇದ್ದರೆ ಆ ಟ್ಯಾಬ್ ಇನ್ನೂ ಮೈಕ್ ಹಿಡಿದುಕೊಂಡಿರುತ್ತದೆ. ಟ್ಯಾಬ್ ಮುಚ್ಚಿ.

ಒಂದೇ ಲ್ಯಾಪ್‌ಟಾಪಿನಲ್ಲಿ ವಿಂಡೋಸೂ ಇದೆ, ಮಿಂಟೂ ಇದೆ. ಕೆಲವು ದಿನ ಮಿಂಟ್‌ನಲ್ಲಿ ಹೆಡ್‌ಫೋನ್ ಸತ್ತೇ ಹೋಗುತ್ತದೆ, ಮರುದಿನ ತಾನಾಗಿ ಬರುತ್ತದೆ. (ಹರಿಹರ)

ಆ ದಿನ ನೀವು ವಿಂಡೋಸ್‌ನಿಂದ ರೀಸ್ಟಾರ್ಟ್ ಮಾಡಿ ಮಿಂಟ್‌ಗೆ ಬಂದಿದ್ದಿರಾ ನೆನಪಿಸಿಕೊಳ್ಳಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿಂಡೋಸ್ ಆಡಿಯೊ ಚಿಪ್ಪನ್ನು ಬಿಟ್ಟು ಹೋದ ಸ್ಥಿತಿ ರೀಸ್ಟಾರ್ಟ್‌ನಲ್ಲಿ ಅಳಿಸುವುದಿಲ್ಲ, ಲಿನಕ್ಸ್‌ನ ಡ್ರೈವರ್‌ಗೆ ಅದು ತಲೆಬುಡ ತಿಳಿಯುವುದಿಲ್ಲ. ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ, ಶಟ್‌ಡೌನ್ ಒತ್ತಿದರೂ ವಿಂಡೋಸನ್ನು ಪೂರ್ತಿ ಮುಚ್ಚಗೊಡದ ಫಾಸ್ಟ್ ಸ್ಟಾರ್ಟಪ್ ತೆಗೆದುಹಾಕಿ, ಅಲ್ಲಿಂದ ಪೂರ್ತಿ ಶಟ್‌ಡೌನ್ ಮಾಡಿ, ಅರ್ಧ ನಿಮಿಷ ಬಿಟ್ಟು ಆನ್ ಮಾಡಿ ಮಿಂಟ್ ಆರಿಸಿ. ಫಾಸ್ಟ್ ಸ್ಟಾರ್ಟಪ್ ಹೋದರೆ ಮಿಂಟ್‌ನಿಂದ ವಿಂಡೋಸ್ ಡ್ರೈವ್‌ಗೆ ಫೈಲ್ ಬರೆಯಲು ಬರುವುದಿಲ್ಲವೆಂಬ ತೊಂದರೆಯೂ ಅದರೊಂದಿಗೇ ಹೋಗುತ್ತದೆ.