ಚದರ ಅಡಿ ಲೆಕ್ಕ ಬಿಟ್ಟು ಬಳಕೆಯ ಲೆಕ್ಕ ಹಿಡಿ

ತುಮಕೂರಿನ ಬಿ.ಎಚ್. ರಸ್ತೆಯ ಪ್ರೆಸ್ಸಿನಲ್ಲಿ ಆರು ವರ್ಷ ಡಿಟಿಪಿ ಮಾಡಿದ್ದೀಯ, ಯಜಮಾನರ ಕೆಲಸದಿಂದಾಗಿ ಜರ್ಮನಿಗೆ ಬಂದು ಎರಡು ತಿಂಗಳಾಗಿದೆ. ಇಲ್ಲಿ ಸ್ವಂತವಾಗಿ ಡಿಸೈನ್ ಮಾಡಬಹುದಾ, ಚಿತ್ರ ಬರೆದುಕೊಡಬಹುದಾ, ರೇಟು ಎಷ್ಟು ಹೇಳಬೇಕು, ಕಾಗದಪತ್ರ ಏನು ಬೇಕು, ಊರಿನ ಪ್ರೆಸ್ಸಿನ ಕೆಲಸ ಬಿಡಬೇಕಾ ಅಂತ ಕೇಳಿದ್ದೀಯ. ಅಕ್ಕ ಅಂತ ಕರೆದಿದ್ದೀಯಲ್ಲ, ಹಾಗಾಗಿ ನೀನು ಅಂತಲೇ ಬರೀತೀನಿ.

ಮೊದಲು ನಿನ್ನ ರೆಸಿಡೆನ್ಸ್ ಕಾರ್ಡ್ ತೆಗೆದು ನೋಡು. ಅದರಲ್ಲಿ ‘ಎರ್ವೆರ್ಬ್ಸ್‌ಟೇಟಿಶ್‌ಕೈಟ್ ಎರ್‌ಲೌಬ್ಟ್’ ಅಂತ ಇರಬೇಕು. ನೌಕರಿಯಾಗಲಿ ಸ್ವಂತ ಕೆಲಸವಾಗಲಿ, ದುಡಿಯೋಕೆ ಅನುಮತಿ ಇದೆ ಅಂತ ಅರ್ಥ. ಗಂಡ ಅಥವಾ ಹೆಂಡತಿ ಜೊತೆ ಇರೋಕೆ ಬಂದವರ ಕಾರ್ಡಿನಲ್ಲಿ ಇದು ಇರುತ್ತೆ. ಹಾಗಾಗಿ ಸ್ವಂತ ಕೆಲಸಕ್ಕೆ ಅಂತ ನೀನು ಬೇರೆ ವೀಸಾ ಕೇಳಬೇಕಿಲ್ಲ.

ಇನ್ನು ರೇಟು. ಎಲ್ಲಕ್ಕಿಂತ ಮೊದಲು ತಲೆಯಿಂದ ತೆಗೆಯಬೇಕಾದ ಊರಿನ ಅಭ್ಯಾಸ ಇಲ್ಲೇ ಇದೆ. ನಮ್ಮಲ್ಲಿ ಫ್ಲೆಕ್ಸಿಗೆ ಚದರ ಅಡಿಗೆ ಇಷ್ಟು, ಮದುವೆ ಕಾರ್ಡಿಗೆ ನೂರಕ್ಕೆ ಇಷ್ಟು, ಡಿಸೈನ್ ಅದರೊಳಗೇ ಬಂತು. ದುಡ್ಡು ಹುಟ್ಟೋದು ಕಾಗದ, ಶಾಯಿ, ಯಂತ್ರದಿಂದ. ಇಲ್ಲಿ ನೀನು ಮಾರೋದು ಚಿತ್ರವನ್ನು ಬಳಸೋ ಹಕ್ಕನ್ನು. ಜರ್ಮನ್ ಕಾನೂನಿನ ಪ್ರಕಾರ ಬರೆದವರ ಕೃತಿಸ್ವಾಮ್ಯವನ್ನು ಮಾರೋಕೇ ಆಗಲ್ಲ. ಗಿರಾಕಿಗೆ ಕೊಡೋದು ‘ನುಟ್ಸುಂಗ್ಸ್‌ರೆಖ್ಟೆ’, ಅಂದರೆ ಬಳಕೆಯ ಹಕ್ಕು ಮಾತ್ರ. ಎಲ್ಲಿ, ಎಷ್ಟು ದಿನ, ಯಾವುದಕ್ಕೆ ಅನ್ನೋದನ್ನು ನೀನು ಬರೆಯದಿದ್ದರೆ, ಒಪ್ಪಂದದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟು ಹಕ್ಕು ಕೊಟ್ಟಂತೆ ಕಾನೂನು ಎಣಿಸುತ್ತೆ. ಆ ಉದ್ದೇಶ ಏನಾಗಿತ್ತು ಅಂತಲೇ ಆಮೇಲೆ ಜಗಳ ಶುರುವಾಗೋದು.

ಕೆಲಸಕ್ಕೆ ಮುಂಚೆ ಕಳಿಸೋ ದರಪಟ್ಟಿಗೆ ಇಲ್ಲಿ ‘ಆಂಗೆಬೋಟ್’ ಅಂತಾರೆ. ಒಂದು ಬೇಕರಿಯವರು ಕಾಗದದ ಚೀಲಕ್ಕೆ ಮೂರು ಚಿತ್ರ ಕೇಳಿದರು ಅಂದುಕೋ. ಹೀಗೆ ಬರಿ:

‘ಎ5 ಅಳತೆಯ 3 ಚಿತ್ರ. ಮೊದಲು 2 ಸ್ಕೆಚ್, ಆಮೇಲೆ 2 ಸುತ್ತು ತಿದ್ದುಪಡಿ. ಅದಕ್ಕಿಂತ ಹೆಚ್ಚಾದರೆ ಗಂಟೆಗೆ 40 ಯೂರೋ. ಕೊಡುವುದು ಪಿಡಿಎಫ್ ಮತ್ತು ಪಿಎನ್‌ಜಿ. ಮೂಲ ಫೈಲ್ ಸೇರಿಲ್ಲ. ಬಳಕೆ: ಚೀಲ ಮತ್ತು ಅಂಗಡಿಯ ಇನ್‌ಸ್ಟಾಗ್ರಾಂ, ಜರ್ಮನಿಯೊಳಗೆ, 3 ವರ್ಷ. ಚಿತ್ರದ ಕೆಲಸ 16 ಗಂಟೆ, 640 ಯೂರೋ. ಬಳಕೆಯ ಹಕ್ಕು 320 ಯೂರೋ. ಒಟ್ಟು 960. ಅರ್ಧ ಮುಂಗಡ.’

ಆರು ತಿಂಗಳಾದ ಮೇಲೆ ಬೇಕರಿಯವರು ಅದೇ ಚಿತ್ರವನ್ನು ವ್ಯಾನಿನ ಮೇಲೆ ಅಂಟಿಸಬೇಕು ಅಂದರೆ ನಿನಗೆ ಮತ್ತೆ ದುಡ್ಡು ಬರುತ್ತೆ, ಮನಸ್ತಾಪವೂ ಇರಲ್ಲ. ಹಕ್ಕಿನ ಸಾಲೇ ಇಲ್ಲದ ದರಪಟ್ಟಿ ಕಳಿಸಿದರೆ ಆ ವ್ಯಾನಿನ ದುಡ್ಡು ಹೋಯಿತು ಅಂತಲೇ ಲೆಕ್ಕ. ‘ಮೂಲ ಫೈಲ್ ಸೇರಿಲ್ಲ’ ಅನ್ನೋದನ್ನು ಮರೀಲೇಬೇಡ. ಊರಲ್ಲಿ ತಿದ್ದೋಕೆ ಬರೋ ಕೋರೆಲ್ ಫೈಲನ್ನೇ ಪೆನ್‌ಡ್ರೈವಿಗೆ ಹಾಕಿ ಕೊಟ್ಟುಬಿಡ್ತೀವಲ್ಲ, ಇಲ್ಲಿ ಅದಕ್ಕೆ ಬೇರೆ ಬೆಲೆ.

ಆ 40 ಯೂರೋ ಎಲ್ಲಿಂದ ಬಂತು? ರಜೆ, ಹಬ್ಬ, ಜ್ವರ ಕಳೆದರೆ ವರ್ಷಕ್ಕೆ 44 ವಾರ. ಗಿರಾಕಿ ಹುಡುಕೋದು, ಮೇಲ್ ಬರೆಯೋದು, ಲೆಕ್ಕ ಇಡೋದು ಎಲ್ಲ ಕಳೆದು ಬಿಲ್ ಮಾಡೋಕೆ ಸಿಗೋದು ವಾರಕ್ಕೆ 20 ಗಂಟೆ. ಒಟ್ಟು 880 ಗಂಟೆ. ವರ್ಷಕ್ಕೆ 35,000 ಯೂರೋ ವಹಿವಾಟು ಆಗಬೇಕು ಅಂದರೆ ಗಂಟೆಗೆ ಹೆಚ್ಚುಕಮ್ಮಿ 40 ಆಗುತ್ತೆ. ಇದು ಕೈಗೆ ಉಳಿಯೋ ಹಣವಲ್ಲ; ತೆರಿಗೆ, ವಿಮೆ, ಸಾಫ್ಟ್‌ವೇರ್ ಎಲ್ಲ ಇದರಲ್ಲೇ ಹೋಗಬೇಕು. ತುಮಕೂರಿನ ರೇಟನ್ನು ಯೂರೋಗೆ ತಿರುಗಿಸಿ ಹೇಳಿದರೆ ಗಿರಾಕಿ ಖುಷಿಪಡ್ತಾನೆ ಅಂದುಕೋಬೇಡ, ಕೆಲಸ ಬರಲ್ಲವೇನೋ ಅಂತ ಅನುಮಾನ ಪಡ್ತಾನೆ.

ನೋಂದಣಿ ವಿಷಯಕ್ಕೆ ಬಾ. ಕೆಲಸ ಶುರು ಮಾಡಿದ ಒಂದು ತಿಂಗಳೊಳಗೆ ತೆರಿಗೆ ಕಚೇರಿಗೆ, ಅಂದರೆ ಫಿನಾಂಟ್ಸ್‌ಆಮ್ಟ್‌ಗೆ, ‘ಎಲ್ಸ್ಟರ್’ ಪೋರ್ಟಲಿನಲ್ಲಿ ಒಂದು ಪ್ರಶ್ನಾವಳಿ ತುಂಬಿ ಕಳಿಸಬೇಕು. ಎಲ್ಸ್ಟರ್ ಖಾತೆಯ ಆಕ್ಟಿವೇಷನ್ ಕೋಡ್ ಅಂಚೆಯಲ್ಲಿ ಬರೋದರಿಂದ ಖಾತೆಯನ್ನು ಇವತ್ತೇ ತೆರೆದುಬಿಡು. ಮನೆ ವಿಳಾಸ ನೋಂದಾಯಿಸಿದಾಗ ಬಂದ 11 ಅಂಕಿಯ ತೆರಿಗೆ ಐಡಿ ಬೇರೆ, ಈಗ ಕಚೇರಿ ಕೊಡೋ ‘ಸ್ಟಾಯರ್‌ನುಮ್ಮರ್’ ಬೇರೆ. ಬಿಲ್ಲಿನ ಮೇಲೆ ಹಾಕಬೇಕಾದ್ದು ಎರಡನೆಯದು. ಹೊಸಬರು ಇಲ್ಲಿ ಬಹಳ ಎಡವುತ್ತಾರೆ.

ಪ್ರಶ್ನಾವಳಿಯಲ್ಲಿ ‘ಕ್ಲೈನ್‌ಉಂಟರ್ನೇಮರ್’ ಅಂತ ಒಂದು ಆಯ್ಕೆ ಸಿಗುತ್ತೆ, ಸಣ್ಣ ವ್ಯವಹಾರದವರು ಅಂತ. 2025ರಿಂದ ಇದರ ಮಿತಿ ವರ್ಷಕ್ಕೆ 25,000 ಯೂರೋ ವಹಿವಾಟು. ಇದನ್ನು ಆರಿಸಿದರೆ ನಮ್ಮ ಜಿಎಸ್‌ಟಿಯಂಥ ಮಾರಾಟ ತೆರಿಗೆಯನ್ನು ಬಿಲ್ಲಿಗೆ ಸೇರಿಸೋದು ಬೇಡ, ಆ ವಿನಾಯಿತಿಯ ಒಂದು ಸಾಲು ಬರೆದರೆ ಆಯಿತು. ಮೊದಲ ವರ್ಷವೇ ಮಿತಿ ದಾಟಿದರೆ, ಯಾವ ಬಿಲ್ಲಿನಿಂದ ದಾಟಿತೋ ಅಲ್ಲಿಂದಲೇ ತೆರಿಗೆ ಹಾಕಬೇಕು. ಆಗ ಬರೀ ಡಿಸೈನ್ ಸೇವೆಗೆ ಶೇ. 19, ಬಳಕೆಯ ಹಕ್ಕು ಕೊಡೋದೇ ಮುಖ್ಯವಾದ ಕೆಲಸಕ್ಕೆ ಶೇ. 7. ದರಪಟ್ಟಿಯಲ್ಲಿ ಬರೆದ ಆ ಹಕ್ಕಿನ ಸಾಲು ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತೆ.

ಒಂದು ಎಚ್ಚರಿಕೆ. ಡಿಸೈನ್ ಮಾತ್ರ ಮಾಡಿಕೊಟ್ಟರೆ ಇಲ್ಲಿ ನೀನು ‘ಫ್ರೈಬೆರುಫ್ಲರ್’, ಸ್ವತಂತ್ರ ವೃತ್ತಿಯವಳು. ಊರಿನ ಹಾಗೆ ಕಾರ್ಡನ್ನೂ ಮುದ್ರಿಸಿ ಮಾರಿದರೆ ಅದು ವ್ಯಾಪಾರ, ಅದಕ್ಕೆ ಬೇರೆ ನೋಂದಣಿ ಬೇಕು. ಶುರುವಿನಲ್ಲಿ ಮುದ್ರಣದ ಬಿಲ್ ನೇರವಾಗಿ ಗಿರಾಕಿಗೇ ಹೋಗೋ ಹಾಗೆ ನೋಡಿಕೋ.

ವಿಮೆಯ ವಿಷಯದಲ್ಲಿ ತಡ ಮಾಡಿದರೆ ನಷ್ಟ. ಯಜಮಾನರು ಸರ್ಕಾರಿ ಆರೋಗ್ಯ ವಿಮೆಯಲ್ಲಿದ್ದರೆ ನೀನೂ ಈಗ ಅದರಲ್ಲೇ ಪುಕ್ಕಟೆ ಸೇರಿರುತ್ತೀಯ. ನಿನ್ನ ಆದಾಯ ತಿಂಗಳ ಮಿತಿ ದಾಟಿದರೆ (2025ರಲ್ಲಿ 535 ಯೂರೋ ಇತ್ತು, ವರ್ಷ ವರ್ಷ ಬದಲಾಗುತ್ತೆ) ಅಥವಾ ಸ್ವಂತ ಕೆಲಸವೇ ಮುಖ್ಯ ಕಸುಬಾದರೆ ಅದು ನಿಲ್ಲುತ್ತೆ. ಆಗ ಕೈ ಹಿಡಿಯೋದು ಕಲಾವಿದರ ಸಾಮಾಜಿಕ ನಿಧಿ. ಇಲ್ಲಿ ಎಲ್ಲರೂ ಕೆ.ಎಸ್.ಕೆ. ಅಂತಾರೆ. 1983ರಿಂದ ನಡೆಯುತ್ತಿದೆ. ಚಿತ್ರಕಾರರು, ಗ್ರಾಫಿಕ್ ಡಿಸೈನರ್‌ಗಳು ಇದಕ್ಕೆ ಸೇರಬಹುದು. ಪಿಂಚಣಿ ಮತ್ತು ಆರೋಗ್ಯ ವಿಮೆಯ ಕಂತಿನಲ್ಲಿ ನೀನು ಅರ್ಧ ಕಟ್ಟಿದರೆ ಸಾಕು, ಉಳಿದರ್ಧ ಕಲಾವಿದರಿಂದ ಕೆಲಸ ಮಾಡಿಸೋ ಕಂಪನಿಗಳು ಮತ್ತು ಸರ್ಕಾರದಿಂದ ಬರುತ್ತೆ. ವರ್ಷಕ್ಕೆ 3,900 ಯೂರೋಗಿಂತ ಹೆಚ್ಚು ಆದಾಯ ಬೇಕು, ಹೊಸಬರಿಗೆ ಮೊದಲ ಮೂರು ವರ್ಷ ಆ ನಿಯಮವಿಲ್ಲ. ಬಿಲ್ಲು, ಒಪ್ಪಂದ, ಬ್ಯಾಂಕಿಗೆ ದುಡ್ಡು ಬಂದ ದಾಖಲೆ ಕೇಳ್ತಾರೆ. ಹಿಂದಿನ ತಾರೀಖಿನಿಂದ ಸೇರಿಸಿಕೊಳ್ಳಲ್ಲ, ನೀನು ತಿಳಿಸಿದ ದಿನದಿಂದಲೇ ಲೆಕ್ಕ. ಹಾಗಾಗಿ ಎರಡು ಮೂರು ಬಿಲ್ ಆದ ಕೂಡಲೇ ಅರ್ಜಿ ಹಾಕು.

ಬಂದ ದುಡ್ಡಿನಲ್ಲಿ ಮೂರನೇ ಒಂದು ಪಾಲನ್ನು ಬೇರೆ ಖಾತೆಯಲ್ಲಿ ಇಟ್ಟುಬಿಡು. ಎರಡನೇ ವರ್ಷದಲ್ಲಿ ತೆರಿಗೆ ಕಚೇರಿ ಮೊದಲ ವರ್ಷದ ಬಾಕಿಯನ್ನೂ ಈ ವರ್ಷದ ಮುಂಗಡ ಕಂತನ್ನೂ ಒಟ್ಟಿಗೆ ಕೇಳುತ್ತೆ. ಆ ಕಾಗದ ಬಂದ ದಿನ ಕೈಯಲ್ಲಿ ದುಡ್ಡಿರಬೇಕು.

ಫೈಲಿನ ಕಡೆಯಿಂದ ನೋಡಿದರೆ, ಇಲ್ಲಿನ ಪ್ರೆಸ್ಸಿನವರು ಕೇಳೋದು ಪಿಡಿಎಫ್ ಎಕ್ಸ್-4, ಅಂದರೆ ಮುದ್ರಣಕ್ಕೆ ಅಂತಲೇ ಇರೋ ಪಿಡಿಎಫ್. ವಿಸಿಟಿಂಗ್ ಕಾರ್ಡ್ 85×55 ಮಿ.ಮೀ.; ಸುತ್ತ 3 ಮಿ.ಮೀ. ಬ್ಲೀಡ್ (ಆಮೇಲೆ ಕತ್ತರಿಸಿ ಹೋಗೋ ಅಂಚು) ಸೇರಿ ಫೈಲ್ 91×61. ನಯವಾದ ಕಾಗದಕ್ಕೆ ಪಿಎಸ್‌ಒ ಕೋಟೆಡ್ ವಿ3 ಅನ್ನೋ ಬಣ್ಣದ ಪ್ರೊಫೈಲ್, ನಾಲ್ಕು ಬಣ್ಣದ ಶಾಯಿ ಒಟ್ಟು ಶೇ. 300 ದಾಟಬಾರದು. ಫ್ಲೆಕ್ಸಿಗೆ ಆರ್‌ಜಿಬಿಯಲ್ಲೇ (ಪರದೆಯ ಮೂರು ಬಣ್ಣದಲ್ಲೇ) ಕೆಲಸ ಮಾಡಿ ಅಭ್ಯಾಸ ಆದವರ ಫೈಲಿನಲ್ಲಿ ಸಣ್ಣ ಅಕ್ಷರದ ಕಪ್ಪು ನಾಲ್ಕು ಬಣ್ಣವಾಗಿ ಒಡೆದಿರುತ್ತೆ. ಪ್ಲೇಟ್ ಕೂದಲೆಳೆಯಷ್ಟು ಸರಿದರೂ 7 ಪಾಯಿಂಟ್ ಅಕ್ಷರದ ಅಂಚಲ್ಲಿ ಕೆಂಪು, ನೀಲಿ ಇಣುಕುತ್ತೆ. ಅಕ್ಷರವನ್ನು ಬರೀ ಕಪ್ಪು ಶೇ. 100 ಮಾಡಿ, ಓವರ್‌ಪ್ರಿಂಟ್ (ಕೆಳಗಿನ ಬಣ್ಣದ ಮೇಲೇ ಅಚ್ಚಾಗೋದು) ಹಾಕಿ ಕಳಿಸು. ಜರ್ಮನ್ ಪದಗಳು ಉದ್ದುದ್ದ, ಪದ ಒಡೆಯೋ ಭಾಷೆಯನ್ನು ಜರ್ಮನ್‌ಗೆ ಇಡದಿದ್ದರೆ ಕಾಲಂ ತುಂಬ ತೂತು ಬೀಳುತ್ತೆ.

ಊರಲ್ಲಿ ಸಿಡಿಯಲ್ಲಿ ಬಂದ ಫಾಂಟುಗಳನ್ನೂ ಗೂಗಲ್ ಚಿತ್ರಗಳನ್ನೂ ಇಲ್ಲಿ ಮುಟ್ಟಬೇಡ. ಹಕ್ಕುದಾರರ ವಕೀಲರಿಂದ ‘ಆಬ್‌ಮಾನುಂಗ್’ ಬರುತ್ತೆ, ಅಂದರೆ ಬಳಕೆ ನಿಲ್ಲಿಸು, ದುಡ್ಡು ಕಟ್ಟು ಅನ್ನೋ ನೋಟಿಸು. ಮುಕ್ತ ಪರವಾನಗಿಯ ಫಾಂಟುಗಳಿಂದ ಶುರು ಮಾಡು. ನಿನ್ನ ಪೋರ್ಟ್‌ಫೋಲಿಯೊ ವೆಬ್‌ಸೈಟಿನಲ್ಲಿ ಹೆಸರು, ವಿಳಾಸ ಇರೋ ‘ಇಂಪ್ರೆಸ್ಸುಮ್’ ಪುಟವೂ ಕಡ್ಡಾಯ. ಅದರಲ್ಲಿ ಸಿದ್ಧಗಂಗಾ ಜಾತ್ರೆಯ ಪೋಸ್ಟರ್, ತಿಪಟೂರಿನ ಕೊಬ್ಬರಿ ಚೀಲ ಹಾಕೋಕೆ ಸಂಕೋಚಪಡಬೇಡ. ಚೀಲ ಅಂಗಡಿಯಲ್ಲಿ ಪೇರಿಸಿಟ್ಟ ಫೋಟೋ ತರಿಸಿ, ಅಳತೆ ಎಷ್ಟು, ಎಷ್ಟು ಬಣ್ಣ, ಯಾಕೆ ಹಾಗೆ ಮಾಡಿದೆ ಅಂತ ಎರಡು ಸಾಲು ಜರ್ಮನ್‌ನಲ್ಲಿ ಬರಿ. ಕನ್ನಡ ಓದಲು ಬಾರದವರೂ ನಿನ್ನ ಕೈಕೆಲಸ ನೋಡ್ತಾರೆ.

ಊರಿನ ಪ್ರೆಸ್ಸಿನ ಕೆಲಸ ಬಿಡಬೇಕಿಲ್ಲ. ನಿನ್ನ ಅಲ್ಲಿನ ಎಸ್‌ಬಿ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ರೂಪಾಯಿ ಖಾತೆ, ಮಾಡಿಸಿ, ಅವರ ದುಡ್ಡು ಅದಕ್ಕೇ ಬರೋ ಹಾಗೆ ಮಾಡು. ಜರ್ಮನಿಯಲ್ಲಿ ವಾಸವಿರೋದರಿಂದ ಆ ರೂಪಾಯಿಯನ್ನೂ ಇಲ್ಲಿನ ಲೆಕ್ಕದಲ್ಲಿ ತೋರಿಸಬೇಕು; ಅವರಿಗೂ ನಂಬರ್ ಹಾಕಿದ ಬಿಲ್ ಕಳಿಸು. ಪ್ರೆಸ್ಸಿನಲ್ಲಿ ಇನ್ನೂ ಯುನಿಕೋಡಲ್ಲದ ಹಳೇ ‘ನುಡಿ’ ಫಾಂಟೇ ನಡೆಯುತ್ತಿದ್ದರೆ ಕರ್ವ್ ಮಾಡಿಸಿಯೇ, ಅಂದರೆ ಅಕ್ಷರವನ್ನು ಚಿತ್ರದ ಆಕಾರವಾಗಿ ಬದಲಿಸಿಯೇ, ತರಿಸಿಕೋ. ಯುನಿಕೋಡಿನಲ್ಲಿ ಬಂದದ್ದನ್ನು ಇನ್‌ಡಿಸೈನಿನಲ್ಲಿ ತೆರೆದಾಗ ಒತ್ತಕ್ಷರ ಒಡೆದು ಕಂಡರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸು, ಸರಿಹೋಗುತ್ತೆ.