ಬಳೆಯ ಸಪ್ಪಳವನ್ನು ತಿದ್ದಬೇಡಿ

ಕೊಪ್ಪಳ ಜಿಲ್ಲೆಯ ನಿವೃತ್ತ ಶಿಕ್ಷಕಿಯೊಬ್ಬರು ಹೀಗೆ ಬರೆದಿದ್ದಾರೆ: ಊರವರೆಲ್ಲ ಸೇರಿ ಶಾಲೆಯ ಮಕ್ಕಳ ಬರಹಗಳನ್ನು ಪುಸ್ತಕವಾಗಿ ತರುತ್ತಿದ್ದೇವೆ, ಮಾರಾಟದ ಹಣವೆಲ್ಲ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವಾರ್ಡಿಗೆ. ಕಾಗದದ ಖರ್ಚನ್ನು ಅಂಗಡಿಕಾರರು ವಹಿಸಿಕೊಂಡಿದ್ದಾರೆ, ಡಿಟಿಪಿಯನ್ನು ಹಳೆಯ ವಿದ್ಯಾರ್ಥಿಯೊಬ್ಬ ಪುಕ್ಕಟೆಯಾಗಿ ಮಾಡಿಕೊಡುತ್ತಿದ್ದಾನೆ. ಆದರೆ ಕೊಳ್ಳುವವರ ಕೈಗೆ ಶುದ್ಧ ಭಾಷೆಯ ಪುಸ್ತಕವೇ ಹೋಗಬೇಕೆಂದು ಸಮಿತಿಯ ಹಿರಿಯರು ಎಲ್ಲವನ್ನೂ ತಿದ್ದಿಸುತ್ತಿದ್ದಾರೆ. ಇದು ಸರಿಯೇ?

ಮಾನ್ಯ ಶಿಕ್ಷಕಿಯವರೇ, ಸರಿಯಲ್ಲ. ಪತ್ರದೊಂದಿಗೆ ನೀವು ಕಳಿಸಿದ ಎರಡು ಹಾಳೆಗಳು ನನ್ನ ಮೇಜಿನ ಮೇಲಿವೆ. ಐದನೆಯ ತರಗತಿಯ ಹುಡುಗಿ ಪೆನ್ಸಿಲಿನಲ್ಲಿ ಬರೆದದ್ದು: 'ನಮ್ಮಜ್ಜಿ ರೊಟ್ಟಿ ಬಡಿವಾಗ ಬಳಿ ಸಪ್ಪಳ ಆಗತೈತಿ. ಸಪ್ಪಳ ನಿಂತ್ರ ರೊಟ್ಟಿ ಮುಗದ್ವು ಅಂತ ನಾ ಒಳಗ ಹೋಗತೀನಿ.' ತಿದ್ದಿದ ಪ್ರತಿಯಲ್ಲಿ: 'ನನ್ನ ಅಜ್ಜಿಯು ರುಚಿಕರವಾದ ರೊಟ್ಟಿಯನ್ನು ತಯಾರಿಸುತ್ತಾರೆ.' ಬಳೆಯೂ ಹೋಯಿತು, ಹೊರಗೆ ಕಿವಿಗೊಟ್ಟು ಕಾಯುತ್ತಿದ್ದ ಹುಡುಗಿಯೂ ಹೋದಳು.

ಹಿರಿಯರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಆಸ್ಪತ್ರೆಯ ಹೆಸರಿನಲ್ಲಿ ಹಣ ಕೇಳುವವರು ಅಚ್ಚುಕಟ್ಟಾದ ಪುಸ್ತಕವನ್ನೇ ಕೊಡಬೇಕು. ಅಲ್ಪಪ್ರಾಣ ಮಹಾಪ್ರಾಣಗಳ ತಪ್ಪನ್ನು ಕರಡು ತಿದ್ದುವಾಗ ಸರಿಪಡಿಸಲಿ. ಅಷ್ಟು ಸಾಕು.

ನಾನು ಏಳನೆಯ ತರಗತಿಯಲ್ಲಿದ್ದಾಗ ನಮ್ಮ ಎಮ್ಮೆ ಕರು ಹಾಕಿದ ರಾತ್ರಿಯ ಬಗ್ಗೆ ಬರೆದದ್ದು ಶಾಲೆಯ ಸಂಚಿಕೆಯಲ್ಲಿ ಅಚ್ಚಾಗಿತ್ತು. ಅಪ್ಪ ಲಾಟೀನಿನ ಬೆಳಕಿನಲ್ಲಿ ಅದನ್ನು ಎರಡು ಸಲ ಓದಿ, 'ಇದು ಯಾರ ಮನೆಯ ಎಮ್ಮೆ?' ಎಂದು ಕೇಳಿದರು. ಕೆಳಗೆ ನನ್ನ ಹೆಸರಿತ್ತು, ಮೇಲೆ ನನ್ನದೆನ್ನುವ ಒಂದು ವಾಕ್ಯವೂ ಇರಲಿಲ್ಲ. ಆಮೇಲೆ ಎಷ್ಟೋ ವರ್ಷ ನಾನು ಮನೆಯ ಸಂಗತಿಗಳನ್ನು ಬರೆಯಲೇ ಇಲ್ಲ.

ಮೊದಲ ಮಹಾಯುದ್ಧದಲ್ಲಿ ಶ್ವಾಸಕೋಶಕ್ಕೆ ಪೆಟ್ಟು ಬಿದ್ದು, ಹೆಚ್ಚು ಹೊತ್ತು ನಿಂತು ಪಾಠ ಹೇಳಲಾಗದ ಸೆಲೆಸ್ತಾಂ ಫ್ರೆನೆ ಎಂಬ ಶಿಕ್ಷಕರು, 1924ರಲ್ಲಿ ಫ್ರಾನ್ಸಿನ ಹಳ್ಳಿಯೊಂದರ ತಮ್ಮ ತರಗತಿಗೆ ಪುಟ್ಟ ಅಚ್ಚಿನ ಯಂತ್ರವನ್ನು ತಂದರು. ಮಕ್ಕಳು ತಾವು ಕಂಡದ್ದನ್ನು ಬರೆದು, ತಾವೇ ಅಕ್ಷರದ ಮೊಳೆಗಳನ್ನು ಜೋಡಿಸಿ ಅಚ್ಚು ಹಾಕಿ, ಅದನ್ನು ದೂರದ ಶಾಲೆಯ ಮಕ್ಕಳಿಗೆ ಕಳಿಸುತ್ತಿದ್ದರು. ಅಲ್ಲಿಯೂ ತಿದ್ದುತ್ತಿದ್ದರು, ಆದರೆ ಬರೆದ ಮಗುವಿನ ಎದುರಿನಲ್ಲಿ, ತರಗತಿಯೆಲ್ಲ ಕೂಡಿ. ಇಟಲಿಯ ಬಾರ್ಬಿಯಾನಾ ಎಂಬ ಗುಡ್ಡದೂರಿನಲ್ಲಿ, ಪಾದ್ರಿ ಲೊರೆಂಜೊ ಮಿಲಾನಿಯವರ ಶಾಲೆಯ ಎಂಟು ಹುಡುಗರು ಒಟ್ಟಾಗಿ ಕುಳಿತು, ಬಡವರ ಮಕ್ಕಳನ್ನು ನಪಾಸು ಮಾಡುವ ಶಿಕ್ಷಣವನ್ನು ಪ್ರಶ್ನಿಸಿ ಬರೆದ ಪುಸ್ತಕ 1967ರಲ್ಲಿ ಪ್ರಕಟವಾಯಿತು. ಸಮುದಾಯದ ಸಹಕಾರ ಎಂದರೆ ನನಗೆ ನೆನಪಾಗುವುದು ಇಂಥದ್ದು. ನಿಮ್ಮಲ್ಲಿ ಎಲ್ಲರೂ ಕೈಜೋಡಿಸಿದ್ದಾರೆ, ಮಕ್ಕಳನ್ನು ಮಾತ್ರ ಯಾರೂ ಕೇಳಿಲ್ಲ.

ನಮ್ಮಲ್ಲಿ ಮಕ್ಕಳಿಗಾಗಿ ಬರೆದವರ ದೊಡ್ಡ ಪರಂಪರೆಯೇ ಇದೆ. ಪಂಜೆ ಮಂಗೇಶರಾಯರು ಶಿಕ್ಷಕರಾಗಿ, ಶಾಲಾ ಇನ್ಸ್‌ಪೆಕ್ಟರರಾಗಿ ಮಕ್ಕಳ ನಡುವೆ ಓಡಾಡಿದವರು. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳೊಂದಿಗೆ ಕುಣಿದವರು. ಆದರೆ ಮಕ್ಕಳೇ ಬರೆದದ್ದನ್ನು ನಾವು ಎಷ್ಟು ಕಾಪಾಡಿದ್ದೇವೆ? ಪರೀಕ್ಷೆಗೆಂದು ಗೈಡಿನ ಪ್ರಬಂಧವನ್ನು ಬಾಯಿಪಾಠ ಮಾಡಿಸುತ್ತೇವೆ. ಇಡೀ ತರಗತಿಯ ಹಸು ಒಂದೇ ರೀತಿ ಹಾಲು ಕೊಡುತ್ತದೆ. ಮನೆಯ ಮಾತು ತಪ್ಪೆಂದು ಮಗುವಿಗೆ ಕಲಿಸಿ, ಮುಂದೆ ವೇದಿಕೆಯ ಮೇಲೆ ನಿಂತು ಕನ್ನಡ ಉಳಿಯಲಿಲ್ಲವೆಂದು ಮರುಗುತ್ತೇವೆ.

ಇನ್ನೊಂದು ಮಾತು. ನಿಮ್ಮ ಪುಸ್ತಕದ 96 ಪುಟವೆಂದರೆ 16 ಪುಟದ ಆರು ಫಾರಂ, ಅಂದರೆ ಅಚ್ಚಿನ ಆರು ದೊಡ್ಡ ಹಾಳೆ. ಅದರಲ್ಲಿ ಗಣ್ಯರ ಶುಭಸಂದೇಶಗಳಿಗೇ ಎಂಟು ಪುಟ ಇಟ್ಟಿದ್ದೀರಿ, ಸ್ಥಳ ಸಾಲದೆಂದು ಹನ್ನೊಂದು ಮಕ್ಕಳನ್ನು ಕೈಬಿಟ್ಟಿದ್ದೀರಿ. ಇಷ್ಟು ಕಾಳಜಿಯಿಂದ ಪತ್ರ ಬರೆದ ನೀವು ಅದಕ್ಕೆ ಒಪ್ಪಬಾರದಿತ್ತು. ಸಂದೇಶಗಳನ್ನು ತೆಗೆಯಿರಿ, ಆ ಹನ್ನೊಂದು ಮಕ್ಕಳನ್ನು ಒಳಗೆ ಕರೆಯಿರಿ. ಪೆನ್ಸಿಲಿನ ಹಾಳೆಯನ್ನು ಇದೇ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಅಚ್ಚಿಗೆ ಹೋಗಬೇಕಾದದ್ದು ಅದು. ನಮ್ಮ ಕಚೇರಿಗೆ 25 ಪ್ರತಿ ತೆಗೆದಿರಿಸಿ, ಹಣವನ್ನು ಮುಂಗಡವಾಗಿಯೇ ಕಳಿಸುತ್ತೇವೆ.

— ಸಂಪಾದಕ