ಮೊದಲ ಹದಿನೈದು ಸೆಕೆಂಡನ್ನು ಕತ್ತರಿಸಬೇಡಿ

ಪ್ರಿಯ ಓದುಗರೇ,

ಸಾಗರದಿಂದ ನೀವು ಬರೆದ ಪತ್ರ ನಾಲ್ಕು ಪುಟ ಇದೆ. ಅಷ್ಟನ್ನೂ ಅಚ್ಚು ಹಾಕಲು ಜಾಗ ಇಲ್ಲ. ಹಾಗಾಗಿ ಉಳಿದವರಿಗೆ ವಿಷಯ ಏನು ಅಂತ ನಾನೇ ಹೇಳಿಬಿಡುತ್ತೇನೆ. ನಿಮ್ಮ ದೊಡ್ಡಪ್ಪ ಪೇಟೆಯಲ್ಲಿ ವಿಡಿಯೋ ಲೈಬ್ರರಿ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಮೂವತ್ತೆಂಟು ವಿಡಿಯೋ ಕ್ಯಾಸೆಟ್ ಮತ್ತು ಒಂದು ರಟ್ಟಿನ ಡಬ್ಬದ ತುಂಬ ವಿಸಿಡಿ ಸಿಕ್ಕಿವೆ. ಅವನ್ನೆಲ್ಲ ಕಂಪ್ಯೂಟರಿಗೆ ಹಾಕಿಸಲು ಅಂಗಡಿಗೆ ಹೋದರೆ, ಅಲ್ಲಿಯವರು "ಮುಂದಿನ ಲೋಗೋ ಎಲ್ಲ ಕಟ್ ಮಾಡಿ ಬರೀ ಸಿನಿಮಾ ಕೊಡ್ತೀವಿ" ಅಂದರಂತೆ. ಲೋಗೋ ಅಂದರೆ ಸಿನಿಮಾ ಶುರುವಾಗುವ ಮುಂಚೆ ಹದಿನೈದು ಸೆಕೆಂಡಿನಷ್ಟು ಬರುವ ಕ್ಯಾಸೆಟ್ ಕಂಪನಿಯ ಗುರುತು. ನಿಮಗೆ ಮನಸ್ಸು ಒಪ್ಪಲಿಲ್ಲ. ಅಮೆರಿಕದಿಂದ ನೆಂಟರು ತಂದಿದ್ದ ಒಂದು ಕ್ಯಾಸೆಟ್‌ನಲ್ಲಿ ಅಕ್ಷರಗಳು ಕತ್ತಲಿನಿಂದ ಬೆಳಕಿನ ಬಾಲ ಬಿಟ್ಟುಕೊಂಡು ಬರುತ್ತವೆ, ಚಿಕ್ಕವರಿದ್ದಾಗ ಆ ಶಬ್ದಕ್ಕೆ ಹೆದರಿ ಅಡುಗೆಮನೆಗೆ ಓಡುತ್ತಿದ್ದಿರಿ ಅಂತ ಬರೆದಿದ್ದೀರಿ. "ಇವಕ್ಕೆ ನಿಜವಾಗಲೂ ಬೆಲೆ ಇದೆಯಾ, ಅಥವಾ ಇದು ನನ್ನ ನೆನಪಿನ ಮೋಹ ಮಾತ್ರವಾ?" ಅನ್ನೋದು ನಿಮ್ಮ ಪ್ರಶ್ನೆ.

ಬೆಲೆ ಇದೆ. ದಯವಿಟ್ಟು ಕಟ್ ಮಾಡಿಸಬೇಡಿ. ಸಿನಿಮಾದ ಒಳ್ಳೆಯ ಪ್ರತಿ ಇನ್ನೆಲ್ಲಾದರೂ ಸಿಗಬಹುದು. ಆ ಹದಿನೈದು ಸೆಕೆಂಡು ನಿಮ್ಮ ಅಟ್ಟದಲ್ಲಿ ಬಿಟ್ಟು ಬೇರೆಲ್ಲೂ ಇಲ್ಲದೆ ಇರಬಹುದು.

ಈ ಲೋಗೋಗಳು ಹುಟ್ಟಿದ್ದು ಹೇಗೆ ಅಂತ ಮೊದಲು ಹೇಳುತ್ತೇನೆ. ಇಂಥ ವಿಡಿಯೋ ಕ್ಯಾಸೆಟ್ ಓಡಿಸುವ ವಿಎಚ್‌ಎಸ್ ಯಂತ್ರ ಜಪಾನಿನಲ್ಲಿ 1976ರಲ್ಲಿ, ಅಮೆರಿಕದಲ್ಲಿ 1977ರಲ್ಲಿ ಮಾರಾಟಕ್ಕೆ ಬಂತು. ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳಿಗೆ ಕ್ಯಾಸೆಟ್ ವ್ಯಾಪಾರದ ಮೇಲೆ ಆಗ ನಂಬಿಕೆ ಇರಲಿಲ್ಲ. ಮಿಷಿಗನ್ ರಾಜ್ಯದ ಆಂಡ್ರೆ ಬ್ಲೇ ಎಂಬುವವರು ಅದೇ 1977ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್‌ನಿಂದ ಐವತ್ತು ಚಿತ್ರಗಳ ಹಕ್ಕು ಪಡೆದರು. ಅವರ ಕಂಪನಿ ಮ್ಯಾಗ್ನೆಟಿಕ್ ವಿಡಿಯೋ. ಒಂದು ಕ್ಯಾಸೆಟ್‌ಗೆ ಸುಮಾರು 50 ಡಾಲರ್. ಈಗ ಯೋಚಿಸಿ, ಜನ ಫಾಕ್ಸ್ ಹೆಸರು ಕೇಳಿದ್ದರು, ಮ್ಯಾಗ್ನೆಟಿಕ್ ವಿಡಿಯೋ ಯಾರಿಗೂ ಗೊತ್ತಿರಲಿಲ್ಲ. ಸಿನಿಮಾ ಒಬ್ಬರದು, ಮನೆಗೆ ತಲುಪಿಸುವವರು ಇನ್ನೊಬ್ಬರು. "ಇದು ನಮ್ಮ ಕ್ಯಾಸೆಟ್, ಅಸಲಿ ಕ್ಯಾಸೆಟ್" ಅಂತ ಎದೆ ತಟ್ಟಿ ಹೇಳಿಕೊಳ್ಳೋದಕ್ಕೆ ಒಂದು ಗುರುತು ಬೇಕಾಯಿತು. 1979ರಲ್ಲಿ ಫಾಕ್ಸ್ ಆ ಕಂಪನಿಯನ್ನೇ ಕೊಂಡುಕೊಂಡಿತು. 1982ರಲ್ಲಿ ಅದು ಸಿಬಿಎಸ್ ಎಂಬ ಟಿವಿ ಕಂಪನಿಯ ಜೊತೆ ಸೇರಿ ಸಿಬಿಎಸ್/ಫಾಕ್ಸ್ ಆಯಿತು. ಹೆಸರು ಬದಲಾದ ಹಾಗೆ ಲೋಗೋ ಕೂಡ ಬದಲಾಯಿತು. ಎಷ್ಟೋ ಲೋಗೋಗಳ ಆಯಸ್ಸು ಎರಡು ಮೂರು ವರ್ಷ ಅಷ್ಟೇ.

ಇನ್ನು ನಿಮ್ಮ ಬೆಳಕಿನ ಬಾಲದ ವಿಷಯ. ಕ್ಯಾಸೆಟ್ ನೋಡದೆ ಖಚಿತವಾಗಿ ಹೇಳಲಾರೆ, ಆದರೆ ಆ ಕಾಲದಲ್ಲಿ ಇಂಥದ್ದನ್ನು ಮಾಡಲು ಮುಖ್ಯವಾಗಿ ಎರಡು ದಾರಿ ಇದ್ದವು.

ಒಂದು, ಕ್ಯಾಮೆರಾ ಮತ್ತು ತಾಳ್ಮೆಯ ದಾರಿ. ಕಪ್ಪು ಫಿಲ್ಮಿನಲ್ಲಿ ಅಕ್ಷರ ಮಾತ್ರ ಪಾರದರ್ಶಕವಾಗಿರುವಂತೆ ಮಾಡಿ, ಹಿಂದಿನಿಂದ ದೀಪ ಬಿಡುತ್ತಾರೆ. ಕ್ಯಾಮೆರಾದ ಶಟರ್ ತೆರೆದೇ ಇಟ್ಟು ಕ್ಯಾಮೆರಾವನ್ನು ಮುಂದಕ್ಕೆ ಜರುಗಿಸುತ್ತಾರೆ. ಬೆಳಕು ಫಿಲ್ಮಿನ ಮೇಲೆ ಗೀಚಿದ ಹಾಗೆ ಎಳೆಎಳೆಯಾಗಿ ಮೂಡುತ್ತದೆ. ಇದು ಒಂದೇ ಒಂದು ಫ್ರೇಮ್‌ನ ಕೆಲಸ. ಒಂದು ಸೆಕೆಂಡಿಗೆ ಇಂಥ 24 ಫ್ರೇಮ್ ಬೇಕು. ಇನ್ನೊಂದು ಬಣ್ಣ ಬೇಕಾದರೆ ಫಿಲ್ಮನ್ನು ಹಿಂದಕ್ಕೆ ಸುತ್ತಿ, ದೀಪದ ಮುಂದೆ ಬೇರೆ ಬಣ್ಣದ ಹಾಳೆ ಇಟ್ಟು, ಅದೇ ಫ್ರೇಮ್‌ಗಳ ಮೇಲೆ ಮತ್ತೆ ಅಷ್ಟನ್ನೂ ತೆಗೆಯಬೇಕು. 1978ರ ಸೂಪರ್‌ಮ್ಯಾನ್ ಚಿತ್ರದ ಹೆಸರುಗಳು ಹಾರಿ ಬರುವುದನ್ನು ನೀವು ನೋಡಿರಬಹುದು. ನ್ಯೂಯಾರ್ಕ್‌ನ ಗ್ರೀನ್‌ಬರ್ಗ್ ಸಹೋದರರ ಸಂಸ್ಥೆ ಮಾಡಿದ್ದು ಅದು. ಹೆಸರುಗಳು ಹೀಗೆ ಬೆಳಕಾಗಿ ಹಾರಿ ಬರುವುದು ಆಮೇಲಿನ ವರ್ಷಗಳಲ್ಲಿ ತುಂಬಾ ಕಡೆ ಕಾಣಿಸಿಕೊಂಡಿತು.

ಇನ್ನೊಂದು ದಾರಿ ನನಗೆ ಜಾಸ್ತಿ ಇಷ್ಟ. ಅದರ ಹೆಸರು ಸ್ಕ್ಯಾನಿಮೇಟ್. ಲೀ ಹ್ಯಾರಿಸನ್ ಎಂಬ ಇಂಜಿನಿಯರ್ 1960ರ ದಶಕದ ಕೊನೆಯಲ್ಲಿ ಡೆನ್ವರ್‌ನಲ್ಲಿ ಕಟ್ಟಿದ ಯಂತ್ರ. ಕಂಪ್ಯೂಟರ್ ಅಂತಾರೆ, ಆದರೆ ಇದರಲ್ಲಿ ಸೊನ್ನೆ ಒಂದರ ಲೆಕ್ಕ ಇಲ್ಲ. ಎಲ್ಲಾ ವೋಲ್ಟೇಜ್ ಆಟ. ಅಕ್ಷರದ ಚಿತ್ರವನ್ನು ಒಂದು ಕ್ಯಾಮೆರಾ ಓದುತ್ತದೆ. ಆ ಸಿಗ್ನಲ್ ತಂತಿಗಳ ಮೂಲಕ ಹಾದು, ಗುಬುಟು ತಿರುಗಿಸಿದಂತೆ ಹಿಗ್ಗುತ್ತದೆ, ಸುರುಳಿಯಾಗುತ್ತದೆ, ಅಲೆಯಾಗುತ್ತದೆ. ಅದು ಕಪ್ಪುಬಿಳುಪು ಪರದೆಯ ಮೇಲೆ ಮೂಡಿದಾಗ ಇನ್ನೊಂದು ಕ್ಯಾಮೆರಾ ಅದನ್ನು ಮತ್ತೆ ಸೆರೆ ಹಿಡಿಯುತ್ತದೆ. ಕಪ್ಪಿನಿಂದ ಬಿಳಿಯವರೆಗಿನ ಒಂದೊಂದು ಛಾಯೆಗೂ ಒಂದೊಂದು ಬಣ್ಣ ಕೊಡುತ್ತಾರೆ. ಎಲ್ಲವೂ ಕಣ್ಣೆದುರಿಗೇ, ಆ ಕ್ಷಣದಲ್ಲೇ ನಡೆಯುತ್ತದೆ. ಸಂಗೀತಗಾರ ವಾದ್ಯ ನುಡಿಸಿದ ಹಾಗೆ. ಅದನ್ನು ಉಳಿಸಿಡುವ ಗುಂಡಿ ಇರಲಿಲ್ಲ. ತಂತಿ ಬಿಚ್ಚಿದರೆ ಆ ಚಲನೆ ಹೋಯಿತು. ನಾಳೆ ಅದೇ ಬೇಕು ಅಂದರೆ ಮತ್ತೆ ಮೊದಲಿನಿಂದ ಜೋಡಿಸಬೇಕು. ಇಂಥ ಯಂತ್ರಗಳು ಜಗತ್ತಿನಲ್ಲಿ ತಯಾರಾದದ್ದು ಬರೀ ಎಂಟು. ಅದರ ಮೇಲೆ ಕೆಲಸ ಮಾಡಿದ್ದ ಡೇವ್ ಸೀಗ್ ಒಂದನ್ನು ಇಟ್ಟುಕೊಂಡು ಕಾಪಾಡಿದ್ದಾರೆ. ಆ ಮನುಷ್ಯನಿಗೆ ನಾವೆಲ್ಲ ಋಣಿಗಳು.

ಟೇಪ್‌ನ ಗುಣವನ್ನೂ ಇಲ್ಲಿ ಹೇಳಲೇಬೇಕು. ವಿಎಚ್‌ಎಸ್‌ನಲ್ಲಿ ಅಡ್ಡಡ್ಡಕ್ಕೆ ಸಿಗುವ ವಿವರ ಸುಮಾರು 240 ಗೆರೆಯಷ್ಟು. ಬಣ್ಣದ ವಿವರ ಅದಕ್ಕಿಂತ ಎಷ್ಟೋ ಕಮ್ಮಿ. ಕೆಂಪು ಬಣ್ಣ ಅಕ್ಷರದ ಗೆರೆ ದಾಟಿ ಪಕ್ಕಕ್ಕೆ ಸೋರಿದ ಹಾಗೆ ಕಾಣುತ್ತದಲ್ಲ, ಅದಕ್ಕೆ ಇದೇ ಕಾರಣ. ತೆಳುವಾದ ಅಕ್ಷರ ಇಲ್ಲಿ ಬಾಳುವುದಿಲ್ಲ. ದಪ್ಪ ಅಕ್ಷರ, ಕಪ್ಪು ಹಿನ್ನೆಲೆ, ಒಂದೆರಡು ಬಣ್ಣ ಇದ್ದರೆ ಉಳಿಯುತ್ತದೆ. ಧ್ವನಿಯದೂ ಅದೇ ಕಥೆ. ಪಾಲ್ ಎಂಬ ನಮ್ಮ ಕಡೆಯ ಟಿವಿ ಪದ್ಧತಿಯ ವಿಎಚ್‌ಎಸ್ ಟೇಪ್ ಸೆಕೆಂಡಿಗೆ 2.34 ಸೆಂಟಿಮೀಟರ್ ಓಡುತ್ತದೆ. ಹಾಡಿನ ಆಡಿಯೋ ಕ್ಯಾಸೆಟ್ 4.76 ಸೆಂಟಿಮೀಟರ್. ಅಂದರೆ ವಿಡಿಯೋ ಟೇಪಿನ ಅಂಚಿನಲ್ಲಿರುವ ಧ್ವನಿಗೆ ಆಡಿಯೋ ಕ್ಯಾಸೆಟ್‌ನ ಅರ್ಧ ವೇಗವೂ ಇಲ್ಲ. ವಯಲಿನ್ನಿನ ನಯ ಅಲ್ಲಿ ಸತ್ತುಹೋಗುತ್ತದೆ. ಸಿಂಥಸೈಜರ್‌ನ ಒಂದು ದಪ್ಪ ಸ್ವರ ಬದುಕುತ್ತದೆ.

ನೀವು ಅಡುಗೆಮನೆಗೆ ಓಡಿದ್ದು ಆ ಸ್ವರಕ್ಕೇ ಇರಬೇಕು. ಪೂರ್ತಿ ಕತ್ತಲೆಯ ಪರದೆ, ಯಾವ ಸದ್ದೂ ಇಲ್ಲ, ಇದ್ದಕ್ಕಿದ್ದಂತೆ ಏನೋ ಒಂದು ಆಕಾರ ನೇರ ನಮ್ಮ ಕಡೆಗೇ ಬರುತ್ತದೆ, ಜೊತೆಗೆ ಆ ಶಬ್ದ. ಮಗುವಿಗೆ ಇನ್ನೇನು ಬೇಕು ಹೆದರೋದಕ್ಕೆ? ನೀವೊಬ್ಬರೇ ಅಲ್ಲ. ಅಮೆರಿಕದಲ್ಲಿ ಸ್ಕ್ರೀನ್ ಜೆಮ್ಸ್ ಎಂಬ ಟಿವಿ ಕಂಪನಿಯ 1965ರ ಲೋಗೋಗೆ ಹೆದರಿ ಬೆಳೆದವರು ಎಷ್ಟು ಜನ ಇದ್ದರೆಂದರೆ, 2010ರಲ್ಲಿ ರಾಡ್ನಿ ಆಷರ್ ಅದರ ಮೇಲೆ ಒಂದು ಕಿರು ಸಾಕ್ಷ್ಯಚಿತ್ರವನ್ನೇ ಮಾಡಿದರು. ಮಕ್ಕಳಿಗಾಗಿ ಕೆಲಸ ಮಾಡುವ ಡಿಸ್ನಿಯವರು ಬೇರೆ ಹಾದಿ ಹಿಡಿದರು. 1980ರ ದಶಕದ ಶುರುವಿನಲ್ಲಿ ನಿಯಾನ್ ದೀಪದಂಥ ಬಣ್ಣದ ಗೆರೆಗಳಲ್ಲಿ ಮಿಕ್ಕಿ ಮೌಸ್ ಮೂಡುತ್ತಿತ್ತು. ದಶಕದ ನಡುವಿನಿಂದ ಮಾಂತ್ರಿಕನ ಟೋಪಿ ಹಾಕಿದ ಮಿಕ್ಕಿ ಬಂತು.

ಅದೇ ಹೊತ್ತಿಗೆ ನಿಜವಾದ ಕಂಪ್ಯೂಟರ್ ಗ್ರಾಫಿಕ್ಸ್ ಕಾಲಿಟ್ಟಿತು. ಚಿನ್ನದ, ಬೆಳ್ಳಿಯ ದಪ್ಪ ಅಕ್ಷರಗಳು ಗಿರಗಿರ ತಿರುಗಿ ನಿಲ್ಲುವ ಕಾಲ. ಎಲ್ಲಾ ಕಂಪನಿಗಳೂ ಫಳಫಳ ಲೋಹವನ್ನೇ ಯಾಕೆ ಆರಿಸಿಕೊಂಡವು ಗೊತ್ತಾ? ಆಡಂಬರ ಒಂದು ಕಾರಣ, ಸರಿ. ಇನ್ನೊಂದು ಕಾರಣ ಲೆಕ್ಕದ್ದು. ಕೂದಲು, ಬಟ್ಟೆ, ಮನುಷ್ಯರ ಚರ್ಮ ಇವನ್ನು ಕಂಪ್ಯೂಟರಿನಲ್ಲಿ ಮೂಡಿಸೋದು ಆಗ ತುಂಬಾ ಕಷ್ಟ. ನುಣುಪಾದ ಲೋಹ ಹಾಗಲ್ಲ. ಸುತ್ತಲಿನ ಒಂದು ಚಿತ್ರವನ್ನು ಅದರ ಮೈಮೇಲೆ ಪ್ರತಿಬಿಂಬದ ಹಾಗೆ ಅಂಟಿಸಿದರೆ ಸಾಕು. ಆ ಉಪಾಯವನ್ನು ಕಂಪ್ಯೂಟರ್ ಗ್ರಾಫಿಕ್ಸ್ ಸಂಶೋಧಕರಾದ ಜಿಮ್ ಬ್ಲಿನ್ ಮತ್ತು ಮಾರ್ಟಿನ್ ನ್ಯೂವೆಲ್ 1976ರಲ್ಲೇ ಕೊಟ್ಟಿದ್ದರು. ಹಿಂದೆ ಕಪ್ಪು ಬಿಟ್ಟರೆ ಬೇರೇನೂ ಬರೆಯುವ ಕೆಲಸವೂ ಇಲ್ಲ. 1990ರಲ್ಲಿ ಅಮಿಗಾ ಕಂಪ್ಯೂಟರಿಗೆ ವಿಡಿಯೋ ಟೋಸ್ಟರ್ ಎಂಬ ವಿಡಿಯೋ ಎಡಿಟಿಂಗ್ ಸಾಧನ ಬಂದ ಮೇಲೆ ಸಣ್ಣ ಸ್ಟುಡಿಯೋದವರೂ ಇಂಥ ಅಕ್ಷರಗಳನ್ನು ತಿರುಗಿಸತೊಡಗಿದರು.

ಧ್ವನಿಯೂ ಸುಧಾರಿಸಿತು. ವಿಎಚ್‌ಎಸ್‌ನಲ್ಲೂ ಹೈಫೈ ಸ್ಟೀರಿಯೋ ಬಂತು. ಸ್ಟಾರ್ ವಾರ್ಸ್ ತೆಗೆದ ಲುಕಾಸ್‌ಫಿಲ್ಮ್ ಕಂಪನಿಯಲ್ಲಿದ್ದ ಜೇಮ್ಸ್ ಮೂರರ್ 1982ರಲ್ಲಿ ಮೂವತ್ತು ಸ್ವರಗಳನ್ನು ಚೆಲ್ಲಾಪಿಲ್ಲಿಯಾಗಿ ಶುರು ಮಾಡಿ ಒಂದು ಮಹಾ ಸ್ವರಮೇಳದಲ್ಲಿ ಸೇರಿಸಿದ್ದರು. ಧ್ವನಿಯ ಗುಣಮಟ್ಟಕ್ಕೆ ಕೊಡುವ ಟಿಎಚ್‌ಎಕ್ಸ್ ಎಂಬ ಮಾನ್ಯತೆಯ ಗುರುತು ಅದು. 1983ರಲ್ಲಿ ಚಿತ್ರಮಂದಿರಕ್ಕೆ ಬಂದ ಆ ಸದ್ದು 1990ರ ದಶಕದಲ್ಲಿ ಟಿಎಚ್‌ಎಕ್ಸ್ ಕ್ಯಾಸೆಟ್‌ಗಳ ಜೊತೆ ಮನೆಯೊಳಗೂ ಬಂತು.

ಡಿವಿಡಿ ಬಗ್ಗೆ ಹೆಚ್ಚು ಹೇಳಲ್ಲ. ಅಮೆರಿಕಕ್ಕೆ ಅದು 1997ರಲ್ಲಿ ಬಂತು. ಚಿತ್ರ ಸ್ವಚ್ಛವಾಯಿತು. ಲೋಗೋವನ್ನು ದಾಟಿ ಹೋಗದಂತೆ ರಿಮೋಟಿನ ಗುಂಡಿಗೇ ಬೀಗ ಹಾಕುವ ಸೌಲಭ್ಯ ಕಂಪನಿಗಳಿಗೆ ಸಿಕ್ಕಿತು. ನೋಡುವವರಿಗೆ ಲೋಗೋ ಮೇಲೆ ಸಿಟ್ಟು ಬರೋಕೆ ಶುರುವಾದದ್ದು ಇಲ್ಲಿಂದ ಅಂತ ನನ್ನ ಅನಿಸಿಕೆ.

ನಿಮ್ಮ ರಟ್ಟಿನ ಡಬ್ಬದ ಬಗ್ಗೆ ಮಾತ್ರ ಹೇಳಲೇಬೇಕು, ಯಾಕೆಂದರೆ ಅದು ನಮ್ಮದೇ ಕಥೆ. ವಿಸಿಡಿ ಎಂಬ ತಟ್ಟೆ ಅಮೆರಿಕದಲ್ಲಿ ನೆಲೆ ನಿಲ್ಲಲಿಲ್ಲ. ಏಷ್ಯಾದಲ್ಲಿ ಮನೆಮನೆಗೆ ಹೋಯಿತು. ಒಂದು ತಟ್ಟೆಯಲ್ಲಿ ಸುಮಾರು 74 ನಿಮಿಷ ಮಾತ್ರ ಹಿಡಿಯುತ್ತದೆ. ಎರಡೂವರೆ ಗಂಟೆಯ ಕನ್ನಡ ಸಿನಿಮಾಗೆ ಎರಡು, ಕೆಲವಕ್ಕೆ ಮೂರು ತಟ್ಟೆ. ಹಾಗಾಗಿ ಇಂಟರ್ವಲ್ ಆದ ಮೇಲೆ ಎರಡನೇ ತಟ್ಟೆ ಹಾಕಿದಾಗಲೂ ಲೋಗೋ ಬರುತ್ತಿತ್ತು. ಒಂದೇ ಸಿನಿಮಾಗೆ ಎರಡು ಸಲ. ನಮ್ಮ ಮನೆಯಲ್ಲಿ ಅಮ್ಮ ಆ ಎರಡನೇ ಲೋಗೋದ ಸಂಗೀತ ಕೇಳಿದ ಮೇಲೇ ಕಾಫಿ ಲೋಟ ಹಿಡಿದು ಹೊರಗೆ ಬರುತ್ತಿದ್ದರು. ವಿಸಿಡಿಯ ಚಿತ್ರ 352 ಅಡ್ಡ, 288 ಉದ್ದ ಚುಕ್ಕಿಗಳದು. ಪರದೆ ನಿಧಾನವಾಗಿ ಬದಲಾದರೆ ಅದು ತಡೆದುಕೊಳ್ಳುತ್ತದೆ. ಫಳ್ ಅಂತ ಬೆಳಕು ಚಿಮ್ಮಿದರೆ, ಕಿಡಿ ಸಿಡಿದರೆ, ಚೌಕಚೌಕವಾಗಿ ಒಡೆಯುತ್ತದೆ. ನಮ್ಮ ಕಂಪನಿಗಳಿಗೆ ಪ್ರೀತಿ ಇದ್ದದ್ದು ಆ ಕಿಡಿಗಳ ಮೇಲೇ! ಚಿನ್ನದ ಕನ್ನಡ ಅಕ್ಷರಗಳು ಕಿಡಿಯ ನಡುವೆ ತಿರುಗಿ ಬಂದು, ಚೌಕಗಳಾಗಿ ಒಡೆದು, ಮತ್ತೆ ಒಂದಾಗುವುದನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದ್ದೇನೆ. ಕನ್ನಡದ ಒತ್ತಕ್ಷರವನ್ನು ಮೂರು ಆಯಾಮದಲ್ಲಿ ಯಾರೋ ಕೂತು ಕಟ್ಟಿದ್ದರು ಅಲ್ವಾ? ಅವರ ಹೆಸರು ಆ ತಟ್ಟೆಯ ಮೇಲಾಗಲಿ, ಚಿತ್ರದ ಪಟ್ಟಿಯಲ್ಲಾಗಲಿ ನನ್ನ ಕಣ್ಣಿಗೆ ಎಂದೂ ಬಿದ್ದಿಲ್ಲ.

2007ರಲ್ಲಿ ಮೋಸರ್ ಬೇಯರ್ ಕಂಪನಿ 28 ರೂಪಾಯಿಗೆ ವಿಸಿಡಿ, 34 ರೂಪಾಯಿಗೆ ಡಿವಿಡಿ ಮಾರಿದಾಗ ಅಸಲಿ ತಟ್ಟೆ ಕಳ್ಳ ತಟ್ಟೆಯಷ್ಟೇ ಅಗ್ಗವಾಯಿತು. ಕೆಲವೇ ವರ್ಷಗಳಲ್ಲಿ ತಟ್ಟೆಯ ಕಾಲವೇ ಮುಗಿಯಿತು. ಆ ಸಿನಿಮಾಗಳು ಈಗ ಮೊಬೈಲಿನಲ್ಲಿ ಸಿಗುತ್ತವೆ, ಆದರೆ ಮುಂದಿನ ತುಂಡು ಕತ್ತರಿಸಿ ಹೋಗಿರುತ್ತದೆ. ನನಗೆ ಇರುವ ಸಂಕಟ ಇದೇ. ಅಮೆರಿಕದ ಲೋಗೋಗಳನ್ನು ಹುಡುಕಿ ಕೂಡಿಡುವ ಹವ್ಯಾಸಿಗಳು ಬೇಕಾದಷ್ಟು ಜನ ಇದ್ದಾರೆ. ನಮ್ಮವಕ್ಕೆ ನಿಮ್ಮ ಅಟ್ಟದಂಥ ಅಟ್ಟಗಳೇ ಗತಿ.

ಈಗ ಕೆಲಸದ ಮಾತು. ಅಂಗಡಿಗೆ ಹೋಗುವ ಮುಂಚೆ ಪ್ರತಿ ಕ್ಯಾಸೆಟ್‌ನ ಕಿಟಕಿಯಲ್ಲಿ ಟೇಪಿನ ಅಂಚು ನೋಡಿ. ಮಲೆನಾಡಿನ ಮಳೆಗೆ ಬಿಳಿ ಬೂಷ್ಟು ಬಂದಿರುವ ಸಾಧ್ಯತೆ ಜಾಸ್ತಿ. ಬೂಷ್ಟು ಕಂಡರೆ ಯಂತ್ರಕ್ಕೆ ಹಾಕಲೇಬೇಡಿ. ಟೇಪನ್ನು ಓದುವ ಹೆಡ್ ಕೆಡುತ್ತದೆ, ಅಲ್ಲಿಂದ ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಅದನ್ನು ಶುಚಿ ಮಾಡಲು ಗೊತ್ತಿರುವವರಿಗೇ ಕೊಡಿ. ಚೆನ್ನಾಗಿರುವ ಕ್ಯಾಸೆಟ್‌ಗಳನ್ನು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿ. ಲೋಗೋ ಇರುವುದು ಟೇಪಿನ ತೀರಾ ಮೊದಲಲ್ಲಿ. ಪ್ರತಿ ಸಲ ಕ್ಯಾಸೆಟ್ ಹಾಕಿದಾಗಲೂ ಯಂತ್ರ ಎಳೆದು ಸುತ್ತಿಕೊಳ್ಳುವುದು ಆ ಭಾಗವನ್ನೇ. ಲೈಬ್ರರಿ ಕ್ಯಾಸೆಟ್‌ನಲ್ಲಿ ಅದು ಎಲ್ಲಕ್ಕಿಂತ ಮೊದಲು ಸವೆದಿರುತ್ತದೆ. ಹಾಗಾಗಿ ಅಂಗಡಿಯವರಿಗೆ ಹೇಳಿ, ಪ್ಲೇ ಒತ್ತುವ ಮೊದಲೇ ರೆಕಾರ್ಡಿಂಗ್ ಶುರುವಾಗಿರಬೇಕು.

ಇನ್ನೊಂದು ಮಾತನ್ನೂ ಹೇಳಿ. ಹಳೇ ವಿಡಿಯೋದಲ್ಲಿ ಒಂದೊಂದು ಫ್ರೇಮೂ ಎರಡು ಅರ್ಧಗಳಾಗಿ ಇರುತ್ತದೆ, ಒಂದಾದ ಮೇಲೊಂದು ಗೆರೆ ಬಿಟ್ಟು. ಸ್ಕ್ಯಾನಿಮೇಟ್‌ನ ಆ ಜಾರುವ ನಯ ಇರುವುದು ಈ ಅರ್ಧಗಳಲ್ಲಿ. ಅಂಗಡಿಗಳಲ್ಲಿ ಸುಮ್ನೆ ಒಂದು ಅರ್ಧವನ್ನು ಬಿಸಾಡಿ ಫೈಲ್ ಮಾಡಿಬಿಡುವುದುಂಟು. ಆಗ ಚಲನೆ ಕುಂಟುತ್ತದೆ. ಮೂಲ ಫೈಲ್ ಇದ್ದ ಹಾಗೇ ಇರಲಿ, ಚಿಕ್ಕದು ಬೇಕಾದರೆ ಆಮೇಲೆ ಅದರಿಂದ ಮಾಡಿಸಿಕೊಳ್ಳಿ.

ಅಮೆರಿಕದ ಕ್ಯಾಸೆಟ್ ಹಾಕಿದರೆ ಚಿತ್ರ ಉರುಳುತ್ತದೆ, ಬಣ್ಣ ಬರುವುದಿಲ್ಲ ಅಂದಿದ್ದೀರಿ. ಅದು ಕೆಟ್ಟಿಲ್ಲ, ಭಯ ಬೇಡ. ಅಲ್ಲಿಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ, 525 ಗೆರೆ. ನಮ್ಮದು ಪಾಲ್, 625 ಗೆರೆ. ಎರಡನ್ನೂ ಓದುವ ಮಲ್ಟಿಸಿಸ್ಟಂ ವಿಸಿಆರ್ ಇರುವವರನ್ನು ಹುಡುಕಬೇಕು. ಗಲ್ಫ್‌ನಿಂದ ಬಂದವರ ಮನೆಗಳಲ್ಲಿ ಕೇಳಿ ನೋಡಿ, ಅವರು ತರುತ್ತಿದ್ದದ್ದು ಹೆಚ್ಚಾಗಿ ಅಂಥದ್ದೇ. ಬಣ್ಣ ಬಂದ ದಿನ ಆ ಲೋಗೋದಲ್ಲಿ ಯಾವ ಹೆಸರು ಇದೆ, ಬಾಲದ ಬಣ್ಣ ಯಾವುದು, ಶಬ್ದ ಎಷ್ಟು ಹೊತ್ತು ಇರುತ್ತದೆ, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ವಿಸಿಡಿಗಳ ಹೊದಿಕೆಯ ಮೇಲಿರುವ ಕಂಪನಿಗಳ ಪಟ್ಟಿಯನ್ನೂ ಜೊತೆಗಿಡಿ.

ನಿಮ್ಮ,
ಸಂಪಾದಕ